ನಾಲ್ಕನೆಯ ಫಾರಂ

ಸರ್ವಮಂಗಳಾ ಕೈಹಾಕದ ಬಗೆಯ ಪುಸ್ತಕವೇ ಇರಲಿಲ್ಲ. ದೆವ್ವದ ಕಥೆ ಬರೆದಳು, ಅದರಲ್ಲಿ ದೆವ್ವವೇ ಸೊಸೆಗೆ ಹೆದರಿ ಮನೆ ಬಿಟ್ಟು ಓಡುತ್ತದೆ. ಪ್ರವಾಸ ಕಥನ ಬರೆದಳು, ಅದು ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಬಸ್ಸಿನಲ್ಲಿ ಹೋಗಿಬಂದ ಒಂದು ದಿನದ ವೃತ್ತಾಂತ. ಗವಿಪುರದ ಮಹಿಳಾ ಸಮಾಜದವರು ಬುತ್ತಿ ಕಟ್ಟಿಕೊಂಡು ಚಂದ್ರಲೋಕಕ್ಕೆ ಹೊರಡುವ ವೈಜ್ಞಾನಿಕ ಕಾದಂಬರಿಯನ್ನೂ ಬರೆದಳು. ಯಾವುದನ್ನು ಶುರುಮಾಡಿದರೂ ಎರಡನೆಯ ಪುಟದ ಹೊತ್ತಿಗೆ ನಗೆ ಒಳಗೆ ನುಗ್ಗಿಬಿಡುತ್ತಿತ್ತು. ಇದನ್ನು ಯಾವ ಕಪಾಟಿನಲ್ಲಿಡಲಿ ಎಂದು ಪ್ರಕಾಶಕರೊಬ್ಬರು ಕೇಳಿದ ಮೇಲೆ ಅವಳು ಮತ್ತೆ ಯಾವ ಪ್ರಕಾಶಕರ ಮೆಟ್ಟಿಲನ್ನೂ ಹತ್ತಲಿಲ್ಲ. ತಾನೇ ಬರೆದು, ಲ್ಯಾಪ್‌ಟಾಪಿನಲ್ಲಿ ತಾನೇ ಪುಟ ಕಟ್ಟಿ, ಹಿಂದಿನ ರಸ್ತೆಯ ರುದ್ರೇಶನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುತ್ತಿದ್ದಳು. ಕಟ್ಟುಗಳು ನಡುಮನೆಯಲ್ಲಿ ಗೋಡೆಗೊರಗಿ ಕೂರುತ್ತಿದ್ದವು. ಅವಳ ಗಂಡ ರೇವಣಸಿದ್ದಯ್ಯ ಬೆಳಿಗ್ಗೆ ಅವುಗಳ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದ. ದೆವ್ವದ ಕಥೆಯಷ್ಟು ಅನುಕೂಲವಾದ ಎತ್ತರ ಬೇರೆ ಯಾವುದಕ್ಕೂ ಇಲ್ಲ ಎನ್ನುತ್ತಿದ್ದ. ಅವಳಿಗೂ ಅದರಿಂದ ಬೇಸರವೇನಿರಲಿಲ್ಲ.

ಬೇಸರವಿದ್ದದ್ದು ಸುಂದರಮ್ಮನವರ ಮೌನದ ಬಗ್ಗೆ. ಸುಂದರಮ್ಮ ರೇವಣಸಿದ್ದಯ್ಯನ ಅಕ್ಕ. ಹನುಮಂತನಗರದಲ್ಲಿ ಮನೆ, ಇಡೀ ಬಳಗಕ್ಕೆ ಹಿರಿಯಳು. ಮುಹೂರ್ತ ಯಾವಾಗ, ಸಾರಿಗೆ ಹುಣಸೆ ಎಷ್ಟು, ಎಲ್ಲಕ್ಕೂ ಆಕೆಯ ಮಾತೇ ಕೊನೆ. ಸರ್ವಮಂಗಳಾ ಪ್ರತಿಯೊಂದು ಪುಸ್ತಕವನ್ನೂ ಮೊದಲು ಆಕೆಗೇ ಕೊಟ್ಟು ನಮಸ್ಕಾರ ಮಾಡುತ್ತಿದ್ದಳು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಶೋಕೇಸಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಆಮೇಲೆ ಅದರ ಬಗ್ಗೆ ಒಂದು ಮಾತೂ ಇಲ್ಲ.

ಹಾಗಿರುವಾಗ ತಮ್ಮ ಮಗಳು ಶಿವರಂಜಿನಿಯ ಮದುವೆ ಗೊತ್ತಾದಾಗ ಸುಂದರಮ್ಮನೇ ಫೋನ್ ಮಾಡಿದ್ದರು. ಈಗ ಎಲ್ಲರೂ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಪುಸ್ತಕ ಇಡುತ್ತಾರೆ, ಹೊರಗಿನದೇಕೆ, ನಿನ್ನದೇ ಒಂದು ಕೊಡು ಎಂದರು. ಒಂದು ಷರತ್ತನ್ನೂ ಹಾಕಿದರು: ಮನೆತನದವರ ವಿಷಯ, ಅಡುಗೆಮನೆ ವಿಷಯ ಅದರಲ್ಲಿ ಬರಬಾರದು. ಸರ್ವಮಂಗಳಾಗೆ ಆ ರಾತ್ರಿ ಊಟ ರುಚಿಸಲಿಲ್ಲ, ಅಷ್ಟು ಸಂತೋಷ.

ಆಗ ಅವಳ ಕೈಯಲ್ಲಿ ಎರಡು ಪುಸ್ತಕಗಳು ಸಿದ್ಧವಾಗಿದ್ದವು. ಒಂದು ಪತ್ತೇದಾರಿ, ‘ಎಡಗಿವಿಯ ಓಲೆ ಪ್ರಕರಣ’. ಇನ್ನೊಂದು ಅಡುಗೆ ಪುಸ್ತಕದ ವೇಷ ಹಾಕಿದ ಹರಟೆ, ‘ಒಗ್ಗರಣೆಗೆ ಮುನ್ನ ಒಂದು ಪ್ರಾರ್ಥನೆ’. ಮದುವೆಗೆ ಪತ್ತೇದಾರಿ ಎಂದು ನಿರ್ಧಾರವಾಯಿತು. ಅಡುಗೆಯದರಲ್ಲಿ ಚಂಪಕಮ್ಮ ಎಂಬ ಹಿರಿಯಳೊಬ್ಬಳಿದ್ದಳು. ಆಕೆ ಹಬ್ಬದ ದಿನ ಒಬ್ಬಟ್ಟನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹೊಸ ಸೊಸೆ ಹಸಿವಾಗಿ ಬೀರುವಿನ ಮುಂದೆ ನಿಲ್ಲುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ಹಬ್ಬಕ್ಕೆಂದು ಅತ್ತಿಗೆಯ ಮನೆಯಲ್ಲಿ ಸೇರಿದಾಗ, ಎದುರಿಗೆ ಆಡಲಾಗದೆ ನುಂಗಿಕೊಂಡ ಮಾತುಗಳೆಲ್ಲ ಸರ್ವಮಂಗಳಾಗೆ ಈ ವಯಸ್ಸಿನಲ್ಲಿ ನಗೆಯಾಗಿ ಹೊರಗೆ ಬರುತ್ತಿದ್ದವು. ಅದನ್ನು ಸುಂದರಮ್ಮ ಓದುವುದಿಲ್ಲ ಎಂಬ ಧೈರ್ಯವೂ ಇತ್ತು.

ಎರಡನ್ನೂ ರುದ್ರೇಶ ಒಟ್ಟಿಗೇ ಅಚ್ಚು ಹಾಕಿದ. ಒಂದೇ ಅಳತೆ, ಒಂದೇ ಕಾಗದ, ಎರಡೂ ಒಂದೇ ಲೆಕ್ಕದ ಪ್ರತಿ. ಹದಿನಾರು ಪುಟಕ್ಕೊಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಜೋಡಿಸುವವರಿಗೆ ತಿಳಿಯಲೆಂದು ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಪುಸ್ತಕದ ಹೆಸರನ್ನೂ ಫಾರಮ್ಮಿನ ಸಂಖ್ಯೆಯನ್ನೂ ಸಣ್ಣಕ್ಷರದಲ್ಲಿ ಹಾಕುವುದು ರೂಢಿ. ಆ ಹೆಸರು ಪುಟದ ಅಂದ ಕೆಡಿಸುತ್ತದೆಂದು ಸರ್ವಮಂಗಳಾ ಈ ಸಲ ಹಟ ಹಿಡಿದು ತೆಗೆಸಿದ್ದಳು. ಬರೀ ಸಂಖ್ಯೆ ಉಳಿದಿತ್ತು.

ಮದುವೆಯ ಹಿಂದಿನ ದಿನ ರುದ್ರೇಶ ಪತ್ತೇದಾರಿಯ ಕಟ್ಟುಗಳನ್ನು ನೇರವಾಗಿ ಸುಂದರಮ್ಮನವರ ಮನೆಗೆ ಕಳಿಸಿ, ಎರಡೂ ಪುಸ್ತಕಗಳ ಒಂದೊಂದು ಪ್ರತಿಯನ್ನು ಅವಳಿಗೆ ತಂದುಕೊಟ್ಟ. ಅವಳು ಹೊಸ ಕಾಗದದ ವಾಸನೆ ನೋಡಿ, ಸುಮ್ಮನೆ ಪುಟ ತಿರುವಿದಳು. ಇನ್ಸ್‌ಪೆಕ್ಟರ್ ಬೈರಯ್ಯ ಕಳ್ಳನ ಮನೆಯ ಬಾಗಿಲು ತಟ್ಟುತ್ತಾನೆ. ಎದುರು ಪುಟದಲ್ಲಿ ಬಾಗಿಲು ತೆಗೆದವಳು ಚಂಪಕಮ್ಮ, ಸೊಂಟದಲ್ಲಿ ಬೀಗದ ಕೈ.

ಕೂಡಲೇ ಅಡುಗೆ ಪುಸ್ತಕ ತೆಗೆದು ನೋಡಿದಳು. ಅಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿರುವಾಗಲೇ ಬೈರಯ್ಯ ಲಾಠಿ ಹಿಡಿದು ಒಳಗೆ ಬಂದಿದ್ದ. ಎರಡರ ನಾಲ್ಕನೆಯ ಫಾರಮ್ಮುಗಳೂ ಅದಲುಬದಲಾಗಿದ್ದವು. ಪುಟಸಂಖ್ಯೆ ಮಾತ್ರ ಎಲ್ಲೂ ತಪ್ಪಿರಲಿಲ್ಲ.

ಪ್ರೆಸ್ಸಿಗೆ ಓಡಿದಳು. ರುದ್ರೇಶ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ತಲೆ ಕೆರೆದುಕೊಂಡ. ರಾಶಿಗೆ ರಾಶಿಯೇ ಬದಲಾಗಿದೆ, ಆದ್ದರಿಂದ ಒಂದು ಪ್ರತಿಯೂ ಸರಿಯಿರಲಾರದು. ಬಿಚ್ಚಿ ಹೊಲಿಯಲು ವಾರ ಬೇಕು ಎಂದ. ಅವಳ ಮುಖ ನೋಡಿ ಸಮಾಧಾನಕ್ಕೆ ಒಂದು ಮಾತು ಸೇರಿಸಿದ.

“ಕೊಟ್ಬಿಡಿ ಮೇಡಂ. ತಾಂಬೂಲದ್ ಪುಸ್ತಕ ಯಾರೂ ನಲವತ್ತೊಂಬತ್ತನೇ ಪುಟದವರ್ಗೂ ಓದಲ್ಲ.”

ಆ ಮಾತೇ ಅವಳನ್ನು ಚುಚ್ಚಿತು. ಯಾರೂ ಓದುವುದಿಲ್ಲವೆಂದು ನಂಬಿದರೆ ನಾಳೆ ಮರ್ಯಾದೆ ಉಳಿಯುತ್ತದೆ, ಆದರೆ ಇಷ್ಟು ವರ್ಷ ಬರೆದದ್ದೆಲ್ಲ ಶೂ ಹಾಕಿಕೊಳ್ಳುವ ಎತ್ತರ ಮಾತ್ರವಾಗುತ್ತದೆ. ಓದುತ್ತಾರೆಂದು ನಂಬಿದರೆ ಅತ್ತಿಗೆ ತನ್ನನ್ನು ಮೊದಲ ಸಲ ಲೇಖಕಿಯೆಂದು ಒಪ್ಪಿಕೊಂಡ ದಿನವೇ ಇಡೀ ಬಳಗ ಆಕೆಯ ಬೀರುವಿನ ಬೀಗ ತೆಗೆಯುತ್ತದೆ. ಅವಳು ಎರಡೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹಿಡಿದಳು. ತಾನೇ ಹೇಳಿಬಿಡುವುದು, ಕಟ್ಟು ಹಾಗೇ ವಾಪಸು ತರುವುದು. ಬರೀ ತೆಂಗಿನಕಾಯಿ ಕೊಡಲಿ.

ಹನುಮಂತನಗರದ ಮನೆಯ ನಡುಮನೆಯಲ್ಲಿ ಚೀಲ ತುಂಬುವ ಕೆಲಸ ಅರ್ಧಕ್ಕೆ ನಿಂತಿತ್ತು. ತೆಂಗಿನಕಾಯಿಗಳು ಒಂದು ಕಡೆ, ವೀಳ್ಯದೆಲೆ ಒಂದು ಕಡೆ. ನಡುವೆ ಸುಂದರಮ್ಮ ಕನ್ನಡಕ ಹಾಕಿಕೊಂಡು, ಕಾಲು ನೀಡಿ, ‘ಎಡಗಿವಿಯ ಓಲೆ ಪ್ರಕರಣ’ ಓದುತ್ತ ಕೂತಿದ್ದರು. ಅರ್ಧ ದಾಟಿತ್ತು.

ಸರ್ವಮಂಗಳಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹೆಸರು ತೆಗೆಸಿದ್ದು ತಾನೇ, ತಪ್ಪು ತನ್ನದೇ, ಕಟ್ಟನ್ನು ಹಿಂದಕ್ಕೆ ಒಯ್ಯುತ್ತೇನೆ ಎಂದಳು. ಸುಂದರಮ್ಮ ಪುಟದ ನಡುವೆ ಒಂದು ವೀಳ್ಯದೆಲೆ ಇಟ್ಟು ಪುಸ್ತಕ ಮುಚ್ಚಿದರು.

“ಆ ಚಂಪಕಮ್ಮ ನಾನೇ ತಾನೆ?”

ಅಲ್ಲ ಎನ್ನಲು ಬಾಯಿ ತೆರೆದವಳು “ಹೂಂ ಅತ್ತಿಗೆ,” ಎಂದಳು.

“ತಪ್ಪು ಬರ್ದಿದೀಯ. ನಾನು ಒಬ್ಬಟ್ಟು ಎಣಿಸ್ತಿರ್ಲಿಲ್ಲ. ಮೊದ್ಲು ಎಲೆ ಎಣಿಸ್ತಿದ್ದೆ. ಎಷ್ಟು ಜನ ಊಟಕ್ಕೆ ಕೂತವ್ರೆ ಅಂತ. ಆಮೇಲೆ ಒಬ್ಬಟ್ಟು. ಕೊನೇಲಿ ಬಡಿಸೋ ಹೆಂಗಸ್ರಿಗೆ ಏನೂ ಉಳೀತಿರ್ಲಿಲ್ಲ ಕಣೆ, ಅದಕ್ಕೆ ಬೀಗ. ನೀನು ಬರೋಕೆ ಮುಂಚೆ ನಾನೂ ಆ ಬೀರು ಮುಂದೆ ನಿಂತಿದೀನಿ.”

ಸರ್ವಮಂಗಳಾ ಅಲ್ಲೇ ಎದುರಿಗೆ ಕೂತಳು. ಹಾಗಾದರೆ ನೀವೇ ಏಕೆ ತೆಗೆದು ಕೊಡಲಿಲ್ಲ ಎಂದು ಕೇಳಿದಳು. ನೀನು ಕೇಳಲಿಲ್ಲವಲ್ಲ, ಮುಖ ಊದಿಸಿಕೊಂಡು ಹೋಗುತ್ತಿದ್ದೆ ಎಂದರು ಸುಂದರಮ್ಮ. ಆಮೇಲೆ ಇಬ್ಬರಿಗೂ ನಗು ಬಂತು. ಮೊದಲು ನಕ್ಕವರು ಸುಂದರಮ್ಮ.

“ಅದಿರ್ಲಿ. ಓಲೆ ಯಾರು ಕದ್ರು? ಬಾಗ್ಲು ತಟ್ಟಿದ್ನಲ್ಲ, ಆಮೇಲೇನಾಯ್ತು?”

ಸರ್ವಮಂಗಳಾ ಚೀಲದಿಂದ ಅಡುಗೆ ಪುಸ್ತಕ ತೆಗೆದು ನಲವತ್ತೊಂಬತ್ತನೆಯ ಪುಟ ತೆರೆದು ಕೊಟ್ಟಳು. ಸುಂದರಮ್ಮ ಒಂದೇ ಉಸಿರಿನಲ್ಲಿ ಅಷ್ಟನ್ನೂ ಓದಿದರು. ಓದಿ ಮುಗಿಸಿ, ಎರಡೂ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು, ಅಂಗೈಯಿಂದ ತಟ್ಟಿ ಸಮ ಮಾಡಿದರು. ಎಷ್ಟು ಪ್ರತಿ ಅದು, ಎಷ್ಟು ಇದು ಎಂದು ವಿಚಾರಿಸಿದರು. ರುದ್ರೇಶನಿಗೆ ಫೋನ್ ಮಾಡು, ಅಡುಗೆಯ ಕಟ್ಟುಗಳೂ ಈಗಲೇ ಬರಲಿ ಎಂದರು. ಇದರಲ್ಲಿ ಇಲ್ಲದ್ದು ಅದರಲ್ಲಿದೆ, ಅದರಲ್ಲಿ ಇಲ್ಲದ್ದು ಇದರಲ್ಲಿದೆ. ಒಂದೊಂದು ಚೀಲಕ್ಕೂ ಎರಡೆರಡು.

ಅಡುಗೆಯದು ಬೇಡವೆಂದು ಸರ್ವಮಂಗಳಾ ಎರಡು ಸಲ ಹೇಳಿದಳು. ಬಳಗದವರಿಗೆಲ್ಲ ಚಂಪಕಮ್ಮ ಯಾರೆಂದು ಗೊತ್ತಾಗುತ್ತದೆ ಎಂದಳು.

“ಗೊತ್ತಾಗ್ಲಿ ಬಿಡು. ಮುಂದಿನ ಸಲ ಅಚ್ಚು ಹಾಕ್ಸುವಾಗ ಎಲೆ ವಿಷಯ ಸೇರ್ಸು, ಅಷ್ಟೇ.”

ಮರುದಿನ ಛತ್ರದಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಸುಂದರಮ್ಮ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದರು. ಚೀಲವನ್ನು ಕೈಗಿಡುವಾಗ ಒಬ್ಬೊಬ್ಬರಿಗೂ ಓದುವ ಕ್ರಮ ಹೇಳುತ್ತಿದ್ದರು: ಮೊದಲು ಪತ್ತೇದಾರಿ, ಬಾಗಿಲು ತಟ್ಟಿದ ಕೂಡಲೇ ಅದನ್ನು ಕೆಳಗಿಟ್ಟು ಅಡುಗೆ ಪುಸ್ತಕದ ನಲವತ್ತೊಂಬತ್ತನೆಯ ಪುಟ ತೆಗೆಯಬೇಕು. ಹೀಗೇಕೆ ಬರೆದಿದ್ದಾರೆ ಎಂದು ಕೇಳಿದವರಿಗೆ, ನಮ್ಮ ಮಂಗಳಾ ಇದ್ದಾಳಲ್ಲ ಅಲ್ಲಿ, ಅವಳನ್ನೇ ಕೇಳಿ ಎಂದು ಕೈ ತೋರಿಸುತ್ತಿದ್ದರು. ಸರ್ವಮಂಗಳಾ ಕಂಬದ ಪಕ್ಕದ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು. ಅವಳ ಎದುರಿಗೆ ಆಗಲೇ ನಾಲ್ಕಾರು ಹೆಂಗಸರು ಚೀಲ ಬಿಚ್ಚಿ ಪುಟ ಹುಡುಕುತ್ತಿದ್ದರು. ಅವರಲ್ಲಿ ಒಬ್ಬಳು ಓಲೆ ಸಿಗುತ್ತದೋ ಇಲ್ಲವೋ ಅಷ್ಟು ಮೊದಲು ಹೇಳಿ ಎಂದು ಪೀಡಿಸಿದಳು. ಹೇಳುವುದಿಲ್ಲ ಎಂದಳು ಸರ್ವಮಂಗಳಾ. ಕಾಫಿ ಆರಿತ್ತು, ಕುಡಿಯಲು ಅವಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.