ಡೀಲಿಯಾಳ ಹೊಸ್ತಿಲ ಕೆಂಡ

ನನಗೆ ಕಾಲು ಎರಡು, ತಲೆ ಒಂದು, ಹೊಟ್ಟೆ ಮಾತ್ರ ಇಲ್ಲ. ಐರ್ಲೆಂಡಿನಲ್ಲಿ ಹುಟ್ಟುವವರಿಗೆ ಹೊಟ್ಟೆ ಇಲ್ಲದಿರುವುದೇ ವಾಸಿ ಎಂದು ನನ್ನನ್ನು ಮಾಡಿದ ಕಮ್ಮಾರ ಕೋರ್ಮಾಕ್ ನಗುತ್ತಿದ್ದ. ಆಲೂಗಡ್ಡೆ ಕೊಳೆತು ಊರಿಗೆ ಊರೇ ಹಸಿದು ಸತ್ತದ್ದು ಅವನ ಅಜ್ಜನ ಕಾಲದಲ್ಲಿ. ಮೊಮ್ಮಗ ನಗುವಾಗಲೂ ಅದನ್ನು ಮರೆತಿರಲಿಲ್ಲ. ಒಡೆದ ಹಡಗಿನಿಂದ ದಡಕ್ಕೆ ಬಂದ ಕಬ್ಬಿಣದ ಸರಳೊಂದನ್ನು ಅವನು ಕಾಯಿಸಿದ, ಬಡಿದ, ನಡುವೆ ಬಗ್ಗಿಸಿದ, ತುದಿಗಳನ್ನು ಚಪ್ಪಟೆ ಮಾಡಿ ನೀರಿಗೆ ಅದ್ದಿದ. ಚುಂಯ್ ಎಂದೆ. ಅದೇ ನನ್ನ ಮೊದಲ ಮಾತು, ಕೊನೆಯದೂ ಅದೇ.

ಹೀಗೆ ನಾನು ಒಲೆಯ ಇಕ್ಕಳವಾದೆ. ಕೆಂಡ ಹಿಡಿಯುವುದು, ಕೆಂಡ ಬಿಡುವುದು, ಇಷ್ಟೇ ನನ್ನ ಬಾಳು. ಬಲು ದೊಡ್ಡ ವಿದ್ಯೆಯೇನಲ್ಲ ಬಿಡಿ.

ಕೋರ್ಮಾಕ್ ನನ್ನನ್ನು ತಂಗಿಯ ಮಗಳು ಊನಾಳ ಮದುವೆಗೆ ಉಡುಗೊರೆ ಕೊಟ್ಟ. ಊನಾಳದು ಬೆಂಕಿಯ ಬಣ್ಣದ ಕೂದಲು, ಬಾಯಿ ತುಂಬ ನಗು. ಸಮುದ್ರದಾಚೆ ಒಂದು ಬೋಳು ದ್ವೀಪಕ್ಕೆ ಅವಳನ್ನು ಕೊಟ್ಟಿದ್ದರು. ಡಾಂಬರು ಬಳಿದ ಕ್ಯಾನ್ವಾಸಿನ ದೋಣಿಯಲ್ಲಿ ಅವಳ ಜೊತೆ ಇನ್ನೊಬ್ಬ ಮದುಮಗಳೂ ಕೂತಿದ್ದಳು, ಡೀಲಿಯಾ ಅಂತ. ಅಲೆ ಎದ್ದಾಗಲೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚುವರು, ಅಲೆ ಇಳಿದ ಕೂಡಲೇ ನಗುವರು. ನಡುವೆ ಸಿಕ್ಕಿಕೊಂಡು ನಾನು ಇಬ್ಬರ ಪಕ್ಕೆಗೂ ಚುಚ್ಚುತ್ತಿದ್ದೆ.

ಆ ದ್ವೀಪದಲ್ಲಿ ಬೆರಳೆಣಿಕೆಯ ಮನೆಗಳು. ಊನಾಳದು ಎಲ್ಲಕ್ಕಿಂತ ಮೇಲೆ, ಬಂಡೆಯ ಅಂಚಿನಲ್ಲಿ. ಡೀಲಿಯಾಳದು ಎಲ್ಲಕ್ಕಿಂತ ಕೆಳಗೆ, ದೋಣಿ ಎಳೆಯುವ ಜಾಗದಲ್ಲಿ. ಸೌದೆಗೆ ಒಂದು ಮರವಿಲ್ಲ. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು, ಬೇಸಿಗೆಯಲ್ಲಿ ಒಣಗಿಸಿ, ಅದನ್ನೇ ಉರಿಸುತ್ತಾರೆ. ಪೀಟ್ ಎಂದು ಅದರ ಹೆಸರು. ಒಮ್ಮೆ ಹತ್ತಿದ ಬೆಂಕಿಯನ್ನು ಆರಗೊಡುವುದಿಲ್ಲ. ಮಲಗುವ ಮೊದಲು ಕೆಂಡವನ್ನು ಬೂದಿಯಲ್ಲಿ ಹೂತು ದೇವರ ಹೆಸರು ಹೇಳುತ್ತಾರೆ, ಬೆಳಗ್ಗೆ ಕೆದಕಿ ಊದುತ್ತಾರೆ. “ಈ ಬೆಂಕಿ ನಮ್ಮತ್ತೆಯ ಅತ್ತೆ ಹಚ್ಚಿದ್ದು ಹುಡುಗಿ, ನಿನ್ನ ಕೈಯಲ್ಲಿ ಆರಿದ್ರೆ ನೋಡು ಮತ್ತೆ,” ಎಂದು ಊನಾಳ ಅತ್ತೆ ಹನೋರಾ ಮೊದಲ ದಿನವೇ ಎಚ್ಚರಿಸಿದಳು. ನನ್ನನ್ನು ಎತ್ತಿ ನೋಡಿ, “ಸ್ವಲ್ಪ ಸೊಟ್ಟ ಇದೆ,” ಎಂದೂ ಸೇರಿಸಿದಳು. ಅಂದಿನಿಂದ ನನಗೆ ಆ ಮುದುಕಿಯನ್ನು ಕಂಡರೆ ಆಗುತ್ತಿರಲಿಲ್ಲ.

ಮರುವರ್ಷ ನನಗೆ ಇನ್ನೊಂದು ಕೆಲಸ ಅಂಟಿತು. ಊನಾಳಿಗೂ ಡೀಲಿಯಾಳಿಗೂ ಒಂದೇ ವಾರದಲ್ಲಿ ಹೆಣ್ಣುಮಕ್ಕಳು ಹುಟ್ಟಿದವು. ಊನಾಳದು ಬಾರ್ಬ್ರಾ, ಡೀಲಿಯಾಳದು ಆನ್ಯಾ. ಅಲ್ಲಿನವರು ಗುಡ್ಡದೊಳಗೆ ಕಾಣದ ಜನ ಇದ್ದಾರೆಂದು ನಂಬುತ್ತಾರೆ. ಕೋಪ ಬಂದೀತೆಂಬ ಹೆದರಿಕೆಗೆ ಅವರನ್ನು ‘ಒಳ್ಳೆಯ ಜನ’ ಎಂದೇ ಕರೆಯುತ್ತಾರೆ. ಆ ಒಳ್ಳೆಯ ಜನ ತೊಟ್ಟಿಲಲ್ಲಿ ಒಂಟಿ ಮಗು ಕಂಡರೆ ಕದ್ದುಕೊಂಡು ಹೋಗುತ್ತಾರಂತೆ, ಕಬ್ಬಿಣ ಕಂಡರೆ ಮಾತ್ರ ಹಿಂದೆ ಸರಿಯುತ್ತಾರಂತೆ. ಹಾಗಾಗಿ ಊನಾ ಹೊರಗೆ ಹೋಗುವಾಗಲೆಲ್ಲ ನನ್ನನ್ನು ತೊಟ್ಟಿಲಿಗೆ ಅಡ್ಡ ಇಟ್ಟು ಹೋಗುತ್ತಿದ್ದಳು. ಮಗು ನನ್ನ ಕಾಲನ್ನು ಹಿಡಿದು ಚೀಪುತ್ತಿತ್ತು. ನನ್ನ ಬಾಳಿನಲ್ಲಿ ಯಾರಾದರೂ ಮುದ್ದು ಮಾಡಿದ್ದು ಅಂತ ಇದ್ದರೆ ಅದೊಂದೇ.

ಇನ್ನು ಮೇ ತಿಂಗಳ ಮೊದಲ ದಿನದ ಮಾತು. ಆ ದಿನ ಮನೆಯಿಂದ ಬೆಂಕಿ ಹೊರಗೆ ಹೋಗಕೂಡದು. ಕೆಂಡವಾಗಲಿ, ಬೆಂಕಿಕಡ್ಡಿಯಾಗಲಿ, ಪೈಪಿನಲ್ಲಿ ಉರಿಯುವ ತಂಬಾಕಾಗಲಿ ಹೊಸ್ತಿಲು ದಾಟಿದರೆ ಇಡೀ ವರ್ಷದ ಅದೃಷ್ಟ ಅದರ ಹಿಂದೆಯೇ ದಾಟಿಹೋಗುತ್ತದೆ. ಹಸು ಬತ್ತುತ್ತದೆ, ಬೆಣ್ಣೆ ಬರುವುದಿಲ್ಲ, ಮಕ್ಕಳು ಕೊರಗುತ್ತವೆ. ಇದನ್ನು ನಂಬದ ಒಬ್ಬರೂ ದ್ವೀಪದಲ್ಲಿರಲಿಲ್ಲ, ಡೀಲಿಯಾಳೂ ಸೇರಿ.

ಆ ವರ್ಷ ಏಪ್ರಿಲ್ ಕೊನೆಗೆ ಬಿರುಗಾಳಿ ಎದ್ದಿತ್ತು. ಡೀಲಿಯಾಳ ಗಂಡ ದೋಣಿಯೊಂದಿಗೆ ಆಚೆ ದಡದಲ್ಲೇ ಸಿಕ್ಕಿಕೊಂಡಿದ್ದ. ಮಗುವಿಗೆ ನಾಯಿಕೆಮ್ಮು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ನಿದ್ದೆಗೆಟ್ಟ ಡೀಲಿಯಾ ಕೂತಲ್ಲೇ ಕಣ್ಣು ಮುಚ್ಚಿದ್ದಳು. ಎಚ್ಚರವಾದಾಗ ಹೊಗೆಗಂಡಿಯಿಂದ ಮಳೆ ಸುರಿದು ಒಲೆ ಕೆಸರಾಗಿತ್ತು, ಬೆಂಕಿಕಡ್ಡಿಯೂ ನೆನೆದುಹೋಗಿತ್ತು. ಆಗಲೇ ಬೆಳಗಾಗಿತ್ತು, ಮೇ ಒಂದು.

ಅವಳು ಮಣ್ಣಿನ ಕುಡಿಕೆ ಹಿಡಿದು ಕೆಳಗಿನಿಂದ ಒಂದೊಂದೇ ಬಾಗಿಲು ತಟ್ಟುತ್ತ ಬಂದಳು. ಒಂದೊಂದೇ ಬಾಗಿಲು ಇಲ್ಲ ಎಂದಿತು. ಕೊನೆಗೆ ನಮ್ಮ ಮನೆ. ಊನಾ ಒಲೆಯ ಮುಂದೆ ಕೂತಿದ್ದಳು, ನಾನು ಅವಳ ಕೈಯಲ್ಲಿದ್ದೆ, ನನ್ನ ಬಾಯಲ್ಲಿ ಕೆಂಡವಿತ್ತು.

“ಈ ಮನೆಯವರನ್ನೆಲ್ಲ ದೇವರು ಕಾಯಲಿ,” ಎಂದಳು ಡೀಲಿಯಾ. ಮೈಯೆಲ್ಲ ತೊಪ್ಪೆಯಾಗಿತ್ತು. “ಊನಾ, ಒಂದು ಕೆಂಡ ಕೊಡೇ. ಮಗು ತಣ್ಣಗಾಗ್ತಾ ಇದೆ.”

“ಇವತ್ತು ಯಾವ ದಿನ ಅಂತ ನಿಂಗೊತ್ತಿಲ್ವೇನೇ?” ಹನೋರಾ ಮೂಲೆಯಿಂದಲೇ ಗದರಿಸಿದಳು. “ನಾಳೆ ಬೆಳಗ್ಗೆ ಬಾ, ಒಲೆ ತುಂಬ ಕೊಡೋಣ.”

“ನಾಳೆವರೆಗೆ ತಡೆಯಲ್ಲ ಅಮ್ಮಾ,” ಎಂದು ಡೀಲಿಯಾ ಊನಾಳ ಕಡೆ ತಿರುಗಿದಳು. “ಹೋಗಲಿ, ಬೆಂಕಿ ಬೇಡ. ಮಗೂನ ಇಲ್ಲಿಗೇ ಎತ್ಕೊಂಡು ಬರ್ತೀನಿ. ನಿಮ್ಮ ಒಲೆ ಮುಂದೆ ಕೂತಿರ್ತೀನಿ, ಅಷ್ಟೇ.”

ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹನೋರಾಳ ಶಾಸ್ತ್ರವೂ ಅದನ್ನು ತಡೆಯುತ್ತಿರಲಿಲ್ಲ. ಊನಾ ತೊಟ್ಟಿಲ ಕಡೆ ನೋಡಿದಳು. ಬಾರ್ಬ್ರಾ ಕೆನ್ನೆ ಕೆಂಪಗೆ ಮಾಡಿಕೊಂಡು ನಿದ್ದೆ ಹೋಗಿತ್ತು.

“ಬೇಡ ಕಣೇ,” ಎಂದಳು ಊನಾ. “ಆ ಕೆಮ್ಮು ನನ್ನ ಮಗೂಗೂ ಹತ್ತಿದ್ರೆ?”

ಅಯ್ಯೋ, ಆಗ ನನಗೆ ಮಾತು ಬರಬೇಕಿತ್ತು. ಕೆಂಡವನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ನಿಂತಿದ್ದೆನಲ್ಲ! ಡೀಲಿಯಾ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಖಾಲಿ ಕುಡಿಕೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ಇಳಿದು ಹೋದಳು. ಸಂಜೆಯ ಹೊತ್ತಿಗೆ ಆನ್ಯಾ ತೀರಿಕೊಂಡಿತು.

ಅದೃಷ್ಟ ಮನೆಯಲ್ಲೇ ಉಳಿಯಿತು ಎನ್ನಬೇಕು. ಆ ವರ್ಷ ಹಸು ಚೆನ್ನಾಗಿ ಹಾಲು ಕರೆಯಿತು, ಬೆಣ್ಣೆ ಗಡಿಗೆಯಲ್ಲಿ ತೇಲಿತು, ಬಾರ್ಬ್ರಾಗೆ ಒಂದು ಸೀನೂ ಬರಲಿಲ್ಲ. ಊನಾ ಆ ಬೆಣ್ಣೆಯನ್ನು ಬಾಯಿಗೆ ಇಟ್ಟದ್ದನ್ನು ನಾನು ಕಾಣೆ. ಮರುವರ್ಷ ಮೇ ಒಂದರ ಬೆಳಗ್ಗೆ ಅವಳು ಒಲೆಯಿಂದ ದಪ್ಪ ಕೆಂಡವೊಂದನ್ನು ನನ್ನ ಬಾಯಿಗೆ ಕೊಟ್ಟು, ಹೊರಗೆ ಹೊರಟಳು.

“ಹುಚ್ಚು ಹಿಡೀತೇನೇ? ಮನೆ ಅದೃಷ್ಟ ಹೋಗುತ್ತೆ!” ಎಂದು ಹನೋರಾ ಎದೆ ಬಡಿದುಕೊಂಡಳು.

“ಹೋಗಲಿ ಬಿಡಿ,” ಎಂದಳು ಊನಾ.

ಕೆಳಗಿನ ಮನೆಯ ಹೊಸ್ತಿಲ ಮೇಲೆ ಒಂದು ಚಪ್ಪಡಿ ಕಲ್ಲಿಟ್ಟು, ಅದರ ಮೇಲೆ ಕೆಂಡ ಇಳಿಸಿ, ಬಾಗಿಲು ತಟ್ಟಿ ಪಕ್ಕಕ್ಕೆ ನಿಂತಳು. ಡೀಲಿಯಾ ಹೊರಗೆ ಬಂದಳು. ಕೆಂಡ ನೋಡಿದಳು, ಊನಾಳನ್ನು ನೋಡಿದಳು. ಪೊರಕೆ ತಂದು ಕೆಂಡವನ್ನು ಗುಡಿಸಿ ಹಾಕಿದಳು. “ಗಾಳಿ ಪಶ್ಚಿಮಕ್ಕೆ ತಿರುಗ್ತಾ ಇದೆ, ಅಲ್ವಾ?” ಎಂದು ಕೇಳಿ ಒಳಗೆ ಹೋದಳು.

ಮಾತು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಡೀಲಿಯಾ ಮಾತು ಬಿಡಲಿಲ್ಲ. ಆಲೂಗಡ್ಡೆ ಕೀಳಲು ಜೊತೆಯಾಗುವಳು, ಉಣ್ಣೆ ಹಿಂಜಲು ಬರುವಳು, ಬಾರ್ಬ್ರಾ ನಡೆಯಲು ಕಲಿತಾಗ ಕೈ ಹಿಡಿದು ನಡೆಸಿದಳು. ಬಾರ್ಬ್ರಾಗೆ ಹಲ್ಲು ಬಂದರೆ ಡೀಲಿಯಾ ನೋಡುವಳು, ಜಡೆ ಉದ್ದವಾದರೆ ಡೀಲಿಯಾ ನೋಡುವಳು. ಅವಳು ನೋಡುವುದನ್ನು ನೋಡಿ ಊನಾಳ ಕರುಳು ಕಿತ್ತು ಬರುತ್ತಿತ್ತು. ವರ್ಷವರ್ಷವೂ ಮೇ ಒಂದಕ್ಕೆ ಊನಾ ಕೆಂಡ ಒಯ್ದಳು. ವರ್ಷವರ್ಷವೂ ಪೊರಕೆ ಬಂತು. ಒಮ್ಮೆ, ಒಂದೇ ಒಂದು ಸಲ, ತನ್ನ ಕೈಯ ಬೆಂಕಿ ಅವಳ ಒಲೆಗೆ ಹೋಗಬೇಕು. ಊನಾಳಿಗೆ ಲೋಕದಲ್ಲಿ ಬೇರೆ ಆಸೆ ಇರಲಿಲ್ಲ. ಬೂದಿ ಕೆದಕುವಾಗಲೆಲ್ಲ ಅವಳು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು, “ಈ ವರ್ಷ ತಗೋತಾಳೆ.” ನನಗಲ್ಲದೆ ಇನ್ನಾರಿಗೂ ಅದು ಕೇಳಿಸುತ್ತಿರಲಿಲ್ಲ.

ಹನೋರಾ ಹೋದಳು. ಗಂಡಂದಿರಿಬ್ಬರೂ ಹೋದರು. ದ್ವೀಪದಲ್ಲಿ ದೋಣಿ ಎಳೆಯುವಷ್ಟು ಗಟ್ಟಿಮುಟ್ಟಾದವರು ಉಳಿಯಲಿಲ್ಲ. ಉಳಿದವರನ್ನೆಲ್ಲ ಸರಕಾರ ಆಚೆ ದಡಕ್ಕೆ ಸಾಗಿಸಿತು. ಹೆಂಗಸರು ತಂತಮ್ಮ ಬೆಂಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ತುಂಬಿಕೊಂಡು ಯಂತ್ರದ ದೋಣಿ ಹತ್ತಿದರು. ಡೀಲಿಯಾ ಮಾತ್ರ ತನ್ನ ಒಲೆಗೆ ಒಂದು ಬಕೆಟ್ ನೀರು ಸುರಿದು ಬಂದಳು. ಆಚೆ ದಡದಲ್ಲಿ ಸಾಲುಮನೆ ಕೊಟ್ಟರು. ಊನಾಳಿಗೂ ಡೀಲಿಯಾಳಿಗೂ ಪಕ್ಕಪಕ್ಕದ ಮನೆ ಬಿತ್ತು. ಇಬ್ಬರ ನಡುವೆ ಒಂದೇ ಗೋಡೆ.

ಅಲ್ಲಿ ಡೀಲಿಯಾಳ ಬುದ್ಧಿ ಮೆಲ್ಲಗೆ ಸಡಿಲವಾಯಿತು. ಮೊದಲು ಹೆಸರು ಮರೆತಳು, ಆಮೇಲೆ ಮುಖ. ಒಂದು ಮೇ ಒಂದರ ಬೆಳಗ್ಗೆ ಎಂದಿನಂತೆ ಊನಾ ನನ್ನ ಬಾಯಿಗೆ ಕೆಂಡ ಕೊಟ್ಟು ಹೋದರೆ, ಡೀಲಿಯಾ ಆಗಲೇ ಹೊಸ್ತಿಲಲ್ಲಿದ್ದಳು. ಕೈಯಲ್ಲಿ ಕುಡಿಕೆ.

“ದೇವರು ಕಾಯಲಿ ಅಜ್ಜಿ, ದಾರಿ ಬಿಡಿ. ಮನೇಲಿ ಬೆಂಕಿ ಆರಿದೆ, ಮಗು ತಣ್ಣಗಾಗ್ತಾ ಇದೆ.”

“ಬೆಂಕಿ ತಂದಿದೀನಿ ಡೀಲಿಯಾ. ತಗೋ.”

“ಇವತ್ತು ಯಾರೂ ಕೊಡಲ್ಲ ಅಜ್ಜೀ, ಗೊತ್ತಿಲ್ವಾ ನಿಮಗೆ? ಎಲ್ಲರ ಮನೆಗೂ ಹೋಗಿ ಬಂದೆ. ಊನಾ ಮನೆ ಒಂದು ಉಳಿದಿದೆ. ಅವಳು ಇಲ್ಲ ಅನ್ನಲ್ಲ. ಅವಳಿಗೂ ತೊಟ್ಟಿಲಲ್ಲಿ ಮಗು ಇದೆ.”

ಊನಾ ಕೆಂಡವನ್ನು ಇನ್ನಷ್ಟು ಮುಂದೆ ಚಾಚಿದಳು. “ನಾನೇ ಕಣೇ ಊನಾ,” ಎಂದಳು.

ಡೀಲಿಯಾ ಫಕ್ಕನೆ ನಕ್ಕಳು. “ಊನಾ ಎಲ್ಲಿ, ನೀವೆಲ್ಲಿ! ಅವಳ ಕೂದಲು ನೋಡಬೇಕು ನೀವು.” ಹಾಗೆಂದು ನಮ್ಮನ್ನು ದಾಟಿ, ಮನೆಯೇ ಇಲ್ಲದ ಗುಡ್ಡದ ದಾರಿ ಹತ್ತಿದಳು. ಸುಸ್ತಾಗಿ ಕೂತ ಮೇಲೆ ಊನಾ ಕೈಹಿಡಿದು ಕರೆತಂದಳು.

ಅಂದಿನಿಂದ ದಿನವೂ ಇದೇ. ಬೆಳಗಾದರೆ ಡೀಲಿಯಾ ಕುಡಿಕೆ ಹಿಡಿದು ಹೊರಡುವಳು, ಮುಖದ ತುಂಬ ಭರವಸೆ, ಊನಾ ಕೊಡುತ್ತಾಳೆ ಎಂದು. ಸಂಜೆಗೆ ಎಲ್ಲ ಮರೆತು ಮಲಗುವಳು, ಬೆಳಗ್ಗೆ ಮತ್ತೆ ಅದೇ ಭರವಸೆ. ನೋಡಿ ನೋಡಿ ಊನಾ ಹಣ್ಣಾದಳು. ಕೊನೆಗೆ ಒಂದು ಉಪಾಯ ಹೊಳೆಯಿತು, ಮಗಳು ಬಾರ್ಬ್ರಾಗೆ ಹೇಳಿಕಳಿಸಿದಳು. ಪೇಟೆಯಲ್ಲಿ ಗಂಡನ ಮನೆಯಲ್ಲಿದ್ದ ಬಾರ್ಬ್ರಾಗೂ ತಾಯಿಯದೇ ಬೆಂಕಿಗೂದಲು. ಮಗಳು ಬಂದದ್ದೇ ತಡ, ನನ್ನನ್ನು ಅವಳ ಕೈಗೆ ಕೊಟ್ಟು, “ಬಾಗಿಲಲ್ಲಿ ನಿಂತ್ಕೋ. ಅವಳು ಕೇಳಿದ್ರೆ ಕೊಡು, ಇನ್ನೇನೂ ಹೇಳಬೇಡ,” ಎಂದಳು. ತಾನು ಕದದ ಹಿಂದೆ ನಿಂತಳು.

ಡೀಲಿಯಾ ಬಂದಳು. ಕೆಂಪು ಕೂದಲು ಕಂಡಿದ್ದೇ ಅವಳ ಮುಖ ಅರಳಿತು. “ಊನಾ! ಒಂದು ಕೆಂಡ ಕೊಡೇ.”

“ತಗೋ,” ಎಂದಳು ಬಾರ್ಬ್ರಾ. ನಾನು ಬಾಯಿ ಬಿಟ್ಟೆ. ಕೆಂಡ ಕುಡಿಕೆಗೆ ಬಿತ್ತು. ಇಷ್ಟು ವರ್ಷ ಕಾದ ಕೆಲಸ ಅಷ್ಟು ಸುಲಭ!

“ಗೊತ್ತಿತ್ತು ನಂಗೆ, ಗೊತ್ತಿತ್ತು,” ಎನ್ನುತ್ತ ಡೀಲಿಯಾ ಓಡಿದಳು. ಕದದ ಹಿಂದೆ ಊನಾ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಹಗುರವೆನಿಸಿತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ಸದ್ದು. ಊನಾ ಮಗಳ ಕೈಯಿಂದ ನನ್ನನ್ನು ಕಿತ್ತುಕೊಂಡು ಓಡಿದಳು. ಡೀಲಿಯಾಳ ಒಲೆಯಲ್ಲಿ ಬೆಂಕಿ ಚೆನ್ನಾಗಿ ಹತ್ತಿಕೊಂಡಿತ್ತು. ಡೀಲಿಯಾ ಹಾಸಿಗೆ ಎತ್ತಿ ನೋಡುತ್ತಿದ್ದಳು, ಪೆಟ್ಟಿಗೆ ತೆಗೆದು ನೋಡುತ್ತಿದ್ದಳು, ಕದದ ಹಿಂದೆ ನೋಡುತ್ತಿದ್ದಳು.

“ಬೆಂಕಿ ಸಿಕ್ತು,” ಎಂದಳು. “ಮಗು ಎಲ್ಲಿ?”

ಬೆಂಕಿ ಸಿಗದಿದ್ದಷ್ಟು ದಿನ ಡೀಲಿಯಾಳ ಮಗು ಮನೆಯಲ್ಲೇ ಇತ್ತು, ಕಾಯುತ್ತಿತ್ತು. ನಾವು ಕೆಂಡ ಕೊಟ್ಟು ಅದನ್ನೂ ಕಿತ್ತುಕೊಂಡೆವು. ಮರುದಿನದಿಂದ ಡೀಲಿಯಾ ಕುಡಿಕೆ ಮುಟ್ಟಲಿಲ್ಲ, ಬಾಗಿಲು ದಾಟಲಿಲ್ಲ. ಉರಿಯುವ ಒಲೆಯ ಮುಂದೆ ಖಾಲಿ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದು, ಆ ಬೇಸಿಗೆ ಮುಗಿಯುವ ಮೊದಲು ಹೊರಟುಹೋದಳು.

ಹೂಳಿ ಬಂದ ದಿನ ಊನಾ ತನ್ನ ಒಲೆಯ ಮುಂದೆ ಕೂತಳು. ಕೆಂಡಕ್ಕೆ ಬೂದಿ ಮುಚ್ಚಲಿಲ್ಲ. ಅತ್ತೆಯ ಅತ್ತೆಯ ಅತ್ತೆ ಹಚ್ಚಿದ ಬೆಂಕಿ ಕಣ್ಣೆದುರೇ ಬೆಳ್ಳಗಾಗಿ, ಕಪ್ಪಾಗಿ, ತಣ್ಣಗಾಯಿತು. ನನ್ನನ್ನು ಅವಳು ಮತ್ತೆ ಎತ್ತಲಿಲ್ಲ.

ಊನಾ ಹೋದ ಮೇಲೆ ಬಾರ್ಬ್ರಾ ಮನೆ ಖಾಲಿ ಮಾಡುತ್ತ ನನ್ನನ್ನು ಪೇಟೆಯ ಪಬ್ಬಿನವನಿಗೆ ಕೊಟ್ಟಳು. ಈಗ ಅವನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದೇನೆ, ತುಕ್ಕು ಹಿಡಿಯದಂತೆ ಕರಿ ಬಣ್ಣ ಬಳಿದಿದ್ದಾರೆ. ಕೆಳಗೆ ಒಲೆಯಿದೆ, ಅದರಲ್ಲಿ ಪ್ಲಾಸ್ಟಿಕ್ಕಿನ ಕೆಂಡ, ಒಳಗೆ ಕೆಂಪು ಬಲ್ಬು. ಪ್ರವಾಸಿಗರು ನನ್ನ ಕಡೆ ಬೊಟ್ಟು ಮಾಡಿ ಅದೇನೆಂದು ಕೇಳುತ್ತಾರೆ.

“ಹಿಂದಿನ ಕಾಲದ ಇಕ್ಕಳ,” ಎನ್ನುತ್ತಾನೆ ಪಬ್ಬಿನವನು ಲೋಟ ಒರೆಸುತ್ತ. “ಪಕ್ಕದ ಮನೇಲಿ ಬೆಂಕಿ ಆರಿದ್ರೆ ಇದರಲ್ಲಿ ಕೆಂಡ ತಗೊಂಡು ಹೋಗಿ ಕೊಡ್ತಿದ್ರು.”

“ಎಂಥಾ ಒಳ್ಳೆಯ ಜನ!” ಎಂದು ಅವರು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ನೇತಾಡುತ್ತೇನೆ.