ಹೆಂಡರ್ಸನ್ ಕವಲು

ಬಿಳಿ ತ್ರಿಕೋನ, ಇನ್ನೊಂದು, ಹೆದ್ದಾರಿಯಿಂದ ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ರಸ್ತೆಯ ಮೇಲೆ ಬಳಿದ ಪಟ್ಟೆಗಳ ತ್ರಿಕೋನ, ಚೂಪು ತುದಿ ನನ್ನ ಕಡೆಗೆ, ಅಗಲ ಆಚೆ ಕಡೆಗೆ, ಅಂದರೆ ಮೂತಿ ಕೆಳಗೆ, ಮೂತಿ ಕೆಳಗಿದ್ದರೆ ಹೋಗಬೇಕಾದ ಜಾಗ ಹಿಂದೆ ಉಳಿಯಿತು ಎಂದರ್ಥ, ಆದರೆ ಅದು ವಿಮಾನದ ಲೆಕ್ಕ, ಇದು ಬರೀ ಬಣ್ಣ, ರಸ್ತೆ ನೋಡು ಸುರಭಿ, ಮುಂದಿನ ಟ್ರಕ್ಕಿಗೂ ನಿನಗೂ ನಡುವೆ ಜಾಗ ಬಿಡು, ಬಿಟ್ಟಿದ್ದೇನೆ, ಬಿಟ್ಟ ಜಾಗಕ್ಕೆ ಯಾರೋ ನುಗ್ಗುತ್ತಾನೆ, ನುಗ್ಗಲಿ. ಬೆಳಿಗ್ಗೆ ಫೇರ್‌ಫ್ಯಾಕ್ಸ್ ಬಿಟ್ಟವಳು ರಿಚ್ಮಂಡ್ ದಾಟಿದೆ, ಪೀಟರ್ಸ್‌ಬರ್ಗ್‌ನಲ್ಲಿ ತೊಂಬತ್ತೈದನೆಯ ಹೆದ್ದಾರಿ ಬಿಟ್ಟು ಎಂಬತ್ತೈದಕ್ಕೆ ಹೊರಳಿದೆ, ಈಗ ಎರಡೂ ಬದಿ ಪೈನ್ ಮರಗಳು, ಆಗಸ್ಟಿನ ಬಿಸಿಲು, ಮತ್ತೇನೂ ಇಲ್ಲ. ಪಕ್ಕದ ಸೀಟಿನಲ್ಲಿ ಯೋಕ್ ಕೂತಿದೆ, ಬೆಲ್ಟ್ ಹಾಕಿದ್ದೇನೆ, ವಿಮಾನದ ಸ್ಟೀರಿಂಗು, ಮೇಲಿನ ಅರ್ಧ ಕತ್ತರಿಸಿದ ಚಕ್ರದ ಹಾಗೆ, ಅದರ ಬುಡದಲ್ಲಿ ಕಾಲಿಡುವ ಜಾಗದಲ್ಲಿ ಪೆಡಲುಗಳು, ಟ್ರಂಕಿನಲ್ಲಿ ಹಾಸಿಗೆ ಹೊದಿಕೆ ಸುತ್ತಿದ, ಪರದೆಯ ಮೇಲೆ ವಿಮಾನ ಹಾರಿಸುವ ಆಟದ ಕಂಪ್ಯೂಟರು, ನನ್ನ ಗಂಡ ಯಶವಂತನ ವಿಮಾನ ಪೂರ್ತಿ ನನ್ನ ಜೊತೆ ಬರುತ್ತಿದೆ, ಯಶವಂತ ಇಲ್ಲ, ಕಳೆದ ಚಳಿಗಾಲದಿಂದ ಇಲ್ಲ. ಮುಂದೆ ಹೆಂಡರ್ಸನ್ ಎಂಬ ಊರಿನ ಹತ್ತಿರ ಬಲಕ್ಕೆ ಒಂದು ಕವಲು ಬರುತ್ತದೆ, ಅದು ರಾಲಿಗೆ, ರಾಲಿಯ ಆಚೆ ಕ್ಯಾರಿಗೆ, ಕ್ಯಾರಿಯಲ್ಲಿ ಯಶವಂತನ ಅಣ್ಣ ಹರಿಪ್ರಸಾದ ಭಾವನ ಮನೆ, ಅಲ್ಲಿ ಬುಧವಾರಕ್ಕೆ ನನ್ನ ಹೆಸರಿನಲ್ಲಿ ಬೆಂಗಳೂರಿನ ಟಿಕೆಟ್ಟು. ತಿರುಗದೆ ನೇರ ಹೋದರೆ ಅಟ್ಲಾಂಟಾ, ಸೋಮವಾರ ಕ್ಲಾಸು, ಅಂಕಿಅಂಶ ವಿಭಾಗದಲ್ಲಿ ಸಂಬಳ ಕೊಟ್ಟು ಓದಿಸುವ ಜಾಗ, ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದ್ದು ನಾಲ್ಕು ವರ್ಷ ಒಗ್ಗರಣೆಯ ಹೊಗೆಯಲ್ಲಿ ಮಾಸಿ ಹೋಗಿಲ್ಲ ಎಂದು ಅಲ್ಲಿಯ ಮೇಷ್ಟ್ರುಗಳಿಗೆ ಅನಿಸಿದೆ, ಭಾವನಿಗೆ ಅನಿಸಿಲ್ಲ. ಅಟ್ಲಾಂಟಾ ಗಿಟ್ಲಾಂಟಾ ಎಲ್ಲ ಆಮೇಲೆ ನೋಡೋಣಮ್ಮ, ಮೊದಲು ಇಲ್ಲಿಗೆ ಬಾ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ಬೇಡಿ ಭಾವ, ನಾನೇ ಡ್ರೈವ್ ಮಾಡ್ಕೊಂಡು ಬರ್ತೀನಿ. ಆಗ ನಕ್ಕರು, ನಿಜವಾಗಿ ನಕ್ಕರು, ಸಾವಿನ ನಂತರ ನಮ್ಮ ಮನೆಯ ಫೋನಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು, ನೀನಾ, ಅದು ಇಂಟರ್‌ಸ್ಟೇಟ್ ಕಣಮ್ಮ, ನಿಮ್ಮನೆ ಡೈನಿಂಗ್ ಟೇಬಲ್ ಅಲ್ಲ.

ಡೈನಿಂಗ್ ಟೇಬಲ್ಲೇ, ಹೌದು, ಅದರ ಅಂಚಿಗೆ ಯೋಕನ್ನು ಎರಡು ತಿರುಪಿನಿಂದ ಬಿಗಿದು, ಅದರ ಹಿಂದೆ ಮಾನಿಟರು, ಕೆಳಗೆ ಪೆಡಲು, ಊಟದ ತಟ್ಟೆಗಳಿಗೆ ಉಳಿದ ಮೂಲೆ, ಸಾರು ಚೆಲ್ಲಿದರೆ ಇಂಜಿನ್‌ಗೆ ಬೀಳುತ್ತೆ ಜೋಕೆ ಎನ್ನುತ್ತಿದ್ದ ಯಶವಂತ. ಶನಿವಾರ ಬಂದರೆ ಡಲ್ಲೆಸ್ ವಿಮಾನ ನಿಲ್ದಾಣದಿಂದ ಹೊರಡುವುದು, ಅವನು ಪೈಲಟ್, ನಾನು ದಾರಿ ಹೇಳುವವಳು, ಲೇ ನ್ಯಾವಿಗೇಟರ್, ಮುಂದಿನದು ಯಾವುದೇ, ನನ್ನ ತೊಡೆಯ ಮೇಲೆ ವಿಮಾನದ ನಕ್ಷೆ, ಅದರಲ್ಲಿ ಊರುಗಳಿಲ್ಲ, ರೇಡಿಯೋ ಠಾಣೆಗಳು ಮಾತ್ರ, ಒಂದು ಠಾಣೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ರಾಲಿ, ಗ್ರೀನ್ಸ್‌ಬರೋ, ಸ್ಪಾರ್ಟನ್‌ಬರ್ಗ್, ನಾನು ಠಾಣೆಯ ಸಂಖ್ಯೆ ಓದುತ್ತೇನೆ, ಅವನು ಗುಂಡಿ ತಿರುಗಿಸಿ ದಿಕ್ಕು ಇಡುತ್ತಾನೆ, ಗಡಿಯಾರದಂಥ ಮುಖದಲ್ಲಿ ಒಂದು ಸೂಜಿ, ಸೂಜಿ ನಡುವೆ ನಿಂತರೆ ದಾರಿ ಸರಿ, ವಾಲಿದರೆ ವಾಲಿದ ಕಡೆಗೆ ವಿಮಾನ ತಿರುಗಿಸಬೇಕು, ಸೂಜಿಯ ಪಕ್ಕ ಪುಟ್ಟ ಕಿಟಕಿ, ಕಿಟಕಿಯಲ್ಲಿ ಬಿಳಿ ತ್ರಿಕೋನ, ಮೂತಿ ಮೇಲಿದ್ದರೆ ಠಾಣೆ ಮುಂದಿದೆ, ಕೆಳಗಿದ್ದರೆ ಹಿಂದೆ, ಠಾಣೆಯ ನೆತ್ತಿಯ ಮೇಲೆ ಹಾರುವಾಗ ಮಾತ್ರ ಸ್ವಲ್ಪ ಹೊತ್ತು ಕಿಟಕಿ ಖಾಲಿ, ಸೂಜಿಗೂ ಹುಚ್ಚು, ಆಗ ಏನೂ ಮಾಡಬಾರದು, ಕೈ ನಿಲ್ಲಿಸಿ ನೇರ ಹೋಗುತ್ತಿರಬೇಕು. ಒಂದು ಸಲ ಅವನು ದಿಕ್ಕನ್ನು ಉಲ್ಟಾ ಇಟ್ಟ, ದಕ್ಷಿಣಕ್ಕೆ ಹೋಗುತ್ತ ಉತ್ತರಕ್ಕೆ ಇಟ್ಟ, ರೀ, ತ್ರಿಕೋನ ತಲೆಕೆಳಗಿದೆ ರೀ, ಇರಲಿ ಬಿಡೇ, ಸೂಜಿ ನೋಡು ಸೂಜಿ, ಸೂಜಿ ಎಡಕ್ಕೆ ಹೋಯಿತು, ಅವನೂ ಎಡಕ್ಕೆ ಹೋದ, ಸೂಜಿ ಇನ್ನೂ ಎಡಕ್ಕೆ, ಅವನೂ ಇನ್ನೂ ಎಡಕ್ಕೆ, ಓಡಿಸಿದಷ್ಟೂ ಓಡಿತು, ಕೊನೆಗೆ ಪರದೆಯ ತುಂಬ ನೀಲಿ, ಅಟ್ಲಾಂಟಿಕ್ ಸಮುದ್ರ, ನಾನು ನಗುತ್ತ ಹೇಳಿದೆ, ಆ ಯಂತ್ರಕ್ಕೆ ನೀವು ಇಟ್ಟ ದಿಕ್ಕು ಮಾತ್ರ ಗೊತ್ತು, ನಿಮ್ಮ ವಿಮಾನದ ಮೂತಿ ಯಾವ ಕಡೆಗಿದೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ, ಅವನು ಯೋಕ್ ಮೇಲೆ ಹಣೆಯಿಟ್ಟು ಕೂತ, ಹಾಗಾದ್ರೆ ನಾಳೆಯಿಂದ ನೀನೇ ಓಡ್ಸು ಮಹಾರಾಯ್ತಿ. ಓಡಿಸಲಿಲ್ಲ, ಆಗ ಓಡಿಸಲಿಲ್ಲ, ಅವನ ಕೈಗಳು ಅದರ ಮೇಲೆ ಇರುವಾಗ ನೋಡುವುದೇ ಚೆನ್ನಾಗಿತ್ತು.

ಆಮೇಲೆ ಓಡಿಸಿದೆ. ಮಧ್ಯಾಹ್ನಗಳಲ್ಲಿ, ಫೋನಿನ ತಂತಿ ಕಿತ್ತಿಟ್ಟು, ನನ್ನ ಕಾಲು ಪೆಡಲಿಗೆ ಎಟಕುತ್ತಿರಲಿಲ್ಲ, ಹಿಮ್ಮಡಿಯ ಕೆಳಗೆ ದಪ್ಪ ಫೋನ್ ಡೈರೆಕ್ಟರಿ ಇಟ್ಟುಕೊಂಡೆ, ಸ್ಪ್ರಿಂಗು ಸಡಿಲವಾಗಿ ವಿಮಾನ ಸದಾ ಎಡಕ್ಕೆ ವಾಲುತ್ತದೆ, ಅದಕ್ಕೇ ಹಾರುವ ಮೊದಲು ಯೋಕನ್ನು ಕೊನೆಯವರೆಗೆ ಎಡಕ್ಕೆ, ಕೊನೆಯವರೆಗೆ ಬಲಕ್ಕೆ ತಿರುಗಿಸಿ ಬಿಡಬೇಕು, ಎಲ್ಲಿ ನಿಲ್ಲುತ್ತದೋ ಅದೇ ನಡು ಎಂದು ಕಂಪ್ಯೂಟರಿಗೆ ಕಲಿಸಬೇಕು, ಇಷ್ಟು ಗೊತ್ತಿದ್ದವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಅದೇ ತಮಾಷೆ. ವಸಂತಾ ಆಂಟಿ, ಇಪ್ಪತ್ತೈದು ವರ್ಷದಿಂದ ಇಲ್ಲೇ ಡಾಕ್ಟರು, ಭಾನುವಾರಗಳಲ್ಲಿ ಮುಚ್ಚಿದ ಬ್ಯಾಂಕಿನ ಪಾರ್ಕಿಂಗ್ ಲಾಟಿನಲ್ಲಿ ನನ್ನ ಪಕ್ಕ ಜೀವ ಬಿಗಿಹಿಡಿದು ಕೂತರು, ನಾನು ನಿಲ್ಲಿಸಲು ಸ್ಟೀರಿಂಗನ್ನು ಎದೆಯ ಕಡೆಗೆ ಎಳೆದೆ, ಯಾಕೇ ಎಳೀತೀಯಾ, ಅದೇನು ಮೇಲಕ್ಕೆ ಹೋಗತ್ತಾ, ಸ್ಟೀರಿಂಗ್ ಕಣೇ ಅದು. ಮೊದಲನೆಯ ಟೆಸ್ಟಿನಲ್ಲಿ ಪರೀಕ್ಷೆ ಮಾಡುವವಳು ಎಡಕ್ಕೆ ಎಂದಳು, ನನ್ನ ಎಡಗಾಲು ಒತ್ತಿತು, ನೆಲದ ಮೇಲೆ ವಿಮಾನ ತಿರುಗುವುದು ಕಾಲಿನಿಂದ, ಕೈಯಿಂದ ಅಲ್ಲ, ಕಾಲ ಕೆಳಗೆ ಸಿಕ್ಕಿದ್ದು ಬ್ರೇಕು, ನಾಲ್ಕು ರಸ್ತೆಯ ನಡುವೆ ಕಾರು ಗಕ್ಕನೆ ನಿಂತಿತು, ಎಲ್ಲ ಕಡೆಯಿಂದ ಹಾರನ್ನು, ಅವಳು ಪೆನ್ನು ಮುಚ್ಚಿ ಕೇಳಿದಳು, ನೀನು ಮೊದಲು ಏನು ಓಡಿಸುತ್ತಿದ್ದೆ, ವಿಮಾನ ಎಂದೆ, ನಿಜವನ್ನೇ ಹೇಳಿದೆ. ಆಂಟಿ ಬಯ್ಯಲಿಲ್ಲ, ಎಡಗಾಲನ್ನ ಆ ಮೂಲೇಲಿ ಒತ್ತಿ ಇಟ್ಬಿಡು, ಅದಕ್ಕೆ ಇಲ್ಲಿ ಏನೂ ಕೆಲಸ ಇಲ್ಲ, ಸುಮ್ನೆ ಕೂತಿರ್ಲಿ ನಿಮ್ಮ ಅಂಕಲ್ ಥರ, ನನಗೆ ನಗು ಬಂತು, ಬಂದದ್ದು ನಗು ಹೌದೋ ಅಲ್ಲವೋ, ಆಂಟಿ ಕರ್ಚೀಫು ಕೊಟ್ಟರು. ಎರಡನೆಯ ಟೆಸ್ಟಿನಲ್ಲಿ ಪಾಸಾದೆ. ಭಾವನಿಗೆ ಹೇಳಲಿಲ್ಲ.

ಕಾಲು, ಕಾಲಿನ ಮಾತೇ ಎಲ್ಲ. ಯಶವಂತ ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಹೋದ, ತಲೆಯೊಳಗೆ ಒಂದು ರಕ್ತನಾಳ, ಬೆಳಿಗ್ಗೆ ತಲೆನೋವು ಅಂದಿದ್ದ, ಮಾತ್ರೆ ಕೊಟ್ಟಿದ್ದೆ, ಅಷ್ಟೆ. ಕ್ರಿಯೆಗಳಿಗೆ ದೇವಸ್ಥಾನದಿಂದ ಪುರೋಹಿತರು ಬಂದರು, ದಾನಕ್ಕೆ ಕೊಡೆ ಬೇಕು, ಪಾದರಕ್ಷೆ ಬೇಕು, ಹೋದವನಿಗೆ ದಾರಿಯಲ್ಲಿ ಬಿಸಿಲು ಮುಳ್ಳು ತಾಕಬಾರದು, ಭಾವ ಮಾಲಿನಿಂದ ಮಡಿಸುವ ಕೊಡೆ ತಂದರು, ಅವನ ಕಂದು ಚಪ್ಪಲಿಗಳನ್ನು ನಾನೇ ಒರೆಸಿ ಕೊಟ್ಟೆ, ಕೊಟ್ಟದ್ದಕ್ಕೆ ಬೇಸರವಿಲ್ಲ, ನಡೆಯಲಿ, ನಡೆಯುವುದಾದರೆ ನಡೆಯಲಿ. ಆಮೇಲೆ ಭಾವನ ಕಣ್ಣು ಮೇಜಿನ ಕೆಳಗೆ ಹೋಯಿತು, ಅದೇನಮ್ಮ ಅಲ್ಲಿ, ಪೆಡಲು ಭಾವ, ಅದೂ ಅವನು ಕಾಲಿಟ್ಟಿದ್ದೇ ತಾನೆ, ಎಲ್ಲಾ ಒಟ್ಟಿಗೆ ಕಳಿಸಿಬಿಡು, ಕಣ್ಣೆದುರಿಗಿದ್ರೆ ನಿನಗೇ ಸಂಕಟ. ಎತ್ತಲು ಬಗ್ಗಿದರು. ನಾನು ಹೋಗಿ ಅದರ ಮೇಲೆ ಎರಡೂ ಪಾದ ಇಟ್ಟು ಕೂತೆ. ಪುರೋಹಿತರು ನೋಡುತ್ತಿದ್ದರು, ಭಾವ ಬಗ್ಗಿದಲ್ಲೇ ಇದ್ದರು, ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ, ಆಗಲೂ ಅಳಲಿಲ್ಲ, ಇದು ಪಾದರಕ್ಷೆ ಅಲ್ಲ ಭಾವ, ಇದನ್ನ ಹಾಕ್ಕೊಂಡು ಯಾರೂ ಎಲ್ಲಿಗೂ ನಡೆಯಲ್ಲ, ಅಷ್ಟು ಹೇಳಿದೆ, ನೀರಜಾ ಅಕ್ಕ, ಭಾವನ ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದು ನಿಂತವಳು ಗಂಡನ ಬೆನ್ನನ್ನು ನೋಡಿದಳು, ನನ್ನ ಪಾದಗಳನ್ನು ನೋಡಿದಳು. ಎಡ ಪೆಡಲಿನ ರಬ್ಬರು ಅವನ ಹೆಬ್ಬೆರಳಿನ ಜಾಗದಲ್ಲಿ ಸವೆದು ನುಣ್ಣಗಿದೆ, ಅದರಲ್ಲಿ ನನ್ನ ಹೆಬ್ಬೆರಳು ಕೂರುತ್ತದೆ. ಭಾವ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಸುಲಭವಿತ್ತು, ತಮ್ಮನನ್ನು ಕಳೆದುಕೊಂಡವರು, ನನಗೊಂದು ದಿಕ್ಕು ಇಟ್ಟಿದ್ದಾರೆ, ನನ್ನ ಮೂತಿ ಎತ್ತ ಇದೆ ಎಂದು ಕೇಳಿಲ್ಲ.

ನಾರ್ತ್ ಕೆರೊಲಿನಾ ಗಡಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿ ನಾಣ್ಯ ಹಾಕಿ ಫೋನ್ ಮಾಡಿದೆ, ಹೇಳಿಬಿಡುವುದೇ ಸರಿ, ಹೇಳದೆ ಹೋಗುವುದು ಓಡಿಹೋದ ಹಾಗೆ, ನಾನು ಓಡಿಹೋಗುತ್ತಿಲ್ಲ, ಹೋಗುತ್ತಿದ್ದೇನೆ. ಎತ್ತಿದವಳು ನೀರಜಾ ಅಕ್ಕ, ಓ ಸುರಭೀ, ಎಲ್ಲಿದೀಯೇ, ರೀ, ಸುರಭಿ, ಆಗ್ಲೇ ಬಾರ್ಡರ್ ಹತ್ರ ಬಂದ್ಬಿಟ್ಟಿದಾಳೆ. ಹಿಂದಿನಿಂದ ಭಾವನ ದನಿ, ನಿಧಾನ ಅನ್ನು, ಬಲಗಡೆ ಲೇನ್‌ನಲ್ಲೇ ಇರಕ್ಕೆ ಹೇಳು, ಹೆಂಡರ್ಸನ್ ಹತ್ರ ರಾಲಿ ಅಂತ ಬೋರ್ಡ್ ಬರತ್ತೆ, ಮಿಸ್ ಮಾಡ್ಕೊಂಡ್ರೆ ಸೀದಾ ಅಟ್ಲಾಂಟಾಗೇ ಹೋಗ್ಬಿಡ್ತಾಳೆ, ತಮ್ಮ ಜೋಕಿಗೆ ತಾವೇ ನಕ್ಕರು. ಅಕ್ಕಾ, ನಾನು ಎಂದೆ, ಫೋನಿನ ಪೆಟ್ಟಿಗೆಯ ಮೇಲೆ ಯಾರೋ ಹೃದಯ ಗೀಚಿದ್ದಾರೆ, ಕೋಕ್ ಮೆಷಿನ್ ಗುಂಯ್ ಎನ್ನುತ್ತಿದೆ, ಅಕ್ಕಾ, ನಾನು ಅಟ್ಲಾಂಟಾಗೆ, ತಾಳು ಒಂದ್ನಿಮಿಷ, ಹುಳಿ ಉಕ್ತಾ ಇದೆ, ತಂತಿ ಎಳೆದುಕೊಂಡು ಅಡಿಗೆಮನೆಯೊಳಗೆ ಹೋದ ಸದ್ದು, ಬಾಗಿಲು, ಆಮೇಲೆ ಬೇರೆಯೇ ದನಿ, ಸಣ್ಣದು, ನಾನೂ ಬಿ.ಎಡ್. ಮಾಡಿದೀನಿ ಕಣೇ, ಗೊತ್ತಾ ನಿಂಗೆ, ಹದಿನಾರು ವರ್ಷ ಆಯ್ತು. ಗೊತ್ತಿರಲಿಲ್ಲ. ಒಲೆಯ ಮೇಲೆ ಏನೋ ಕುದಿಯುವುದು ನನಗೆ ಕೇಳುತ್ತಿತ್ತು, ನೋಡು, ನಾನು ಅನ್ನಕ್ಕೆ ಇಬ್ಬರಿಗೇ ಅಕ್ಕಿ ಹಾಕಿದೀನಿ, ನಿನ್ ಪಾಲಿಂದು ಹಾಕಿಲ್ಲ, ಇವರಿಗೆ ನಾನ್ ಹೇಳ್ಕೋತೀನಿ, ಸಂಜೆ ಫೋನ್ ಮಾಡು. ಮತ್ತೆ ಬಾಗಿಲು, ಮತ್ತೆ ದೊಡ್ಡ ದನಿ, ಹೂಂ ಹೂಂ, ನಿಧಾನ ಓಡ್ಸು, ಇಡ್ಲಾ.

ಇಬ್ಬರಿಗೇ ಅಕ್ಕಿ. ಕಾರು ಹತ್ತಿದೆ, ಯೋಕಿನ ಬೆಲ್ಟು ಸರಿಮಾಡಿದೆ, ಸ್ಟೀರಿಂಗ್ ಸುಡುತ್ತಿತ್ತು, ಹೆಂಡರ್ಸನ್ ಬೋರ್ಡು, ಪೆಟ್ರೋಲ್ ಬಂಕುಗಳು, ಅಲ್ಲ ಗ್ಯಾಸ್ ಸ್ಟೇಷನ್ನುಗಳು, ಹೆಂಡರ್ಸನ್ ಹಿಂದೆ ಸರಿಯಿತು, ಮತ್ತೆ ಪೈನ್ ಮರ, ಆಮೇಲೆ ಹಸಿರು ಬೋರ್ಡು, ರಾಲಿ, ಒಂದು ಮೈಲಿ. ಟಿಕ್ ಟಿಕ್ ಟಿಕ್, ಇದೇನು ಸದ್ದು, ನನ್ನ ಕೈ ತಾನಾಗಿಯೇ ಬಲಗಡೆಯ ದೀಪ ಹಾಕಿದೆ, ಕೈಗೆ ಹೇಳಿದ್ದು ಯಾರು, ನಾಲ್ಕು ವರ್ಷ ಹಬ್ಬಕ್ಕೆ ಹಬ್ಬಕ್ಕೆ ಈ ತಿರುವಿನಲ್ಲೇ ಕ್ಯಾರಿಗೆ ಹೋಗಿದ್ದೇವೆ, ಯಶವಂತ ಇಲ್ಲೇ ದೀಪ ಹಾಕುತ್ತಿದ್ದ, ನಾನು ನಿದ್ದೆಯಿಂದ ಏಳುತ್ತಿದ್ದೆ, ಬಂತಾ, ಬಂತು ಕಣೇ, ಟಿಕ್ ಟಿಕ್, ಹಿಂದಿನ ಕಾರಿನವನು ನಾನು ಹೋಗುತ್ತೇನೆಂದೇ ತಿಳಿದು ಎಡಕ್ಕೆ ಸರಿದ, ಅಲ್ಲಿ ಊಟ, ಅಲ್ಲಿ ಮಂಚ, ಅಲ್ಲಿ ಯಾರಾದರೂ ನನಗಾಗಿ ಬಾಗಿಲು ತೆಗೆಯುತ್ತಾರೆ, ಅಟ್ಲಾಂಟಾದಲ್ಲಿ ಯಾರೂ ಇಲ್ಲ, ಖಾಲಿ ಕೋಣೆ, ಅದರಲ್ಲಿ ಮೇಜೂ ಇಲ್ಲ, ಯೋಕನ್ನು ಯಾವುದಕ್ಕೆ ಬಿಗಿಯುತ್ತೀಯೆ, ಕಿಟಕಿಯ ದಂಡೆಗೆ ಬಿಗಿಯುತ್ತೇನೆ, ನೆಲದ ಮೇಲಿಟ್ಟು ಓಡಿಸುತ್ತೇನೆ, ಮೇಜು ಹುಡುಕುತ್ತೇನೆ, ಟಿಕ್ ಟಿಕ್, ದಾರಿ ಕವಲೊಡೆಯಿತು, ಬಿಳಿ ಗೆರೆ ಎರಡಾಯಿತು, ಈಗ ಏನೂ ಮಾಡಬಾರದು, ಠಾಣೆಯ ನೆತ್ತಿಯ ಮೇಲಿದ್ದೇವೆ, ಕೈ ನಿಲ್ಲಿಸು, ಕೈ ನಿಂತಿತು, ಮೂಲೆಯಲ್ಲಿ ಸುಮ್ಮನೆ ಕೂತಿರಬೇಕಾದ ಎಡಗಾಲು ಒತ್ತಿತು, ಏನೂ ಇಲ್ಲದ ನೆಲವನ್ನು ಇದ್ದ ಶಕ್ತಿಯಲ್ಲೆಲ್ಲ ಒತ್ತಿತು, ಎಡಕ್ಕೆ, ಎಡಕ್ಕೆ, ಕಾರು ನೇರ ಹೋಯಿತು, ಪಟ್ಟೆಗಳ ತ್ರಿಕೋನ ಬಲಗಡೆ ಮೂತಿ ಕೆಳಗೆ ಮಾಡಿಕೊಂಡು ಬಂತು, ಪಕ್ಕದಲ್ಲಿ ಅಗಲವಾಯಿತು, ಹೋಯಿತು. ದೀಪ ಆರಿಸಿದೆ. ಕನ್ನಡಿ ನೋಡಿದೆ, ನೋಡಬಾರದಿತ್ತೋ ಏನೋ, ನೋಡಿದೆ, ಅಗಲ ಈ ಕಡೆಗೆ, ಚೂಪು ದೂರದಲ್ಲಿ, ಬಿಳಿ ತ್ರಿಕೋನ, ಮೂತಿ ಮೇಲೆ — ಮೂತಿ ಮೇಲೆ ರೀ, ಠಾಣೆ ಮುಂದಿದೆ — ಬಿಳಿ ತ್ರಿಕೋನ, ಮೂತಿ ಮೇಲೆ