ಮಲಗಿಕೊಂಡು ಪೊಲೀಸಾಗಲು ಹೊರಟವಳು

ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಜೀವಿತಾ ನೂರ ಐವತ್ತೇಳು ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚಿದ್ದಳು. ಸಂಜೆ ಅಳೆದರೆ ಅರ್ಧ ಸೆಂಟಿಮೀಟರು ಕಮ್ಮಿ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಹೆಣ್ಣುಮಕ್ಕಳು ನೂರ ಐವತ್ತೇಳು ಇರಲೇಬೇಕು. ಹೀಗಾಗಿ ದಿನಾ ಬೆಳಿಗ್ಗೆ ಪೊಲೀಸಾಗಬಲ್ಲವಳು ದೀಪ ಹಚ್ಚುವ ಹೊತ್ತಿಗೆ ಆಗಲಾರದವಳಾಗಿಬಿಡುತ್ತಿದ್ದಳು.

ನಿಂತು, ಕೂತು, ಓಡಾಡಿದರೆ ಬೆನ್ನೆಲುಬು ಅದುಮಿಕೊಂಡು ಯಾರೇ ಆದರೂ ಸಂಜೆಗೆ ಒಂಚೂರು ಕುಗ್ಗುತ್ತಾರಂತೆ. ಹಾಗೆಂದು ಅವಳಿಗೆ ಮೊಬೈಲ್ ಹೇಳಿತ್ತು. ಎಲ್ಲರೂ ಕುಗ್ಗುತ್ತಾರೆ ಎಂಬುದು ಅವಳಿಗೇನೂ ಸಮಾಧಾನ ಕೊಡಲಿಲ್ಲ. ಎಲ್ಲರೂ ಪೊಲೀಸ್ ಪರೀಕ್ಷೆಗೆ ಹೋಗುತ್ತಿರಲಿಲ್ಲವಲ್ಲ.

ಹಂದನಕೆರೆಯ ಪಕ್ಕದ ಆ ಸಣ್ಣ ಊರಲ್ಲಿ ಈ ವಿಷಯ ಗುಟ್ಟಾಗಿ ಉಳಿಯಲಿಲ್ಲ. ಅಜ್ಜಿ ಸರ್ವಮಂಗಳಮ್ಮ ಹಾಲು ಹಾಕಲು ಡೇರಿಗೆ ಹೋದವರು ಹೇಳಿಬಂದಿದ್ದರು. ಅಲ್ಲಿಂದ ಮುಂದೆ ಊರಿಗೂರೇ ಅವಳನ್ನು ಎಳೆದು ಉದ್ದ ಮಾಡಲು ನಿಂತಿತು. ಒಬ್ಬರು ಹುಣಸೆ ಕೊಂಬೆಗೆ ನೇತಾಡು ಎಂದರು. ಇನ್ನೊಬ್ಬರು ತುಪ್ಪದಲ್ಲಿ ಬಾಳೆಹಣ್ಣು ತಿನ್ನು ಎಂದರು. ತೆಂಗಿನಕಾಯಿ ಕೀಳುವ ಅಣ್ಣಯ್ಯನಂತೂ ಮರದ ಮೇಲಿಂದಲೇ ಕೂಗುತ್ತಿದ್ದ.

"ಅಲ್ಲ ಕಣವ್ವ, ತಿಪಟೂರ್ ಟಾಲ್ ತೆಂಗು ಬೆಳೆಯೋ ಸೀಮೇಲಿ ನೀನೊಬ್ಳು ಹೈಬ್ರಿಡ್ ಗಿಡ್ಡತಳಿ ಹೆಂಗೆ ಹುಟ್ಟಿದೆ?"

"ಗಿಡ್ಡತಳಿ ಬೇಗ ಫಸಲು ಬಿಡುತ್ತೆ ಕಣಣ್ಣಯ್ಯ. ನೀನು ಮರ ಗಟ್ಟಿಯಾಗಿ ಹಿಡ್ಕೋ!" ಎನ್ನುತ್ತಾ ಅವಳು ಓಡುತ್ತಿದ್ದಳು.

ಎರಡು ವರ್ಷದಿಂದ ಓಡುತ್ತಲೇ ಇದ್ದಳು. ತಿಪಟೂರಿನಲ್ಲಿ ಬಿ.ಎ. ಮುಗಿಸಿ ಬಂದ ಮೇಲೆ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಟ, ಹಗಲು ಕೊಬ್ಬರಿ ಅಟ್ಟದ ಕೆಳಗೆ ಕೂತು ಓದು. ಗುಂಡು ಎಸೆಯುವ ಅಭ್ಯಾಸಕ್ಕೆ ಮನೆಯ ಒರಳಿನ ಗುಂಡೇ ಸಿಕ್ಕಿತ್ತು. "ಚಟ್ನಿ ಅರೆಯೋಣ ಅಂದ್ರೆ ಗುಂಡು ರಾಗಿ ಹೊಲದಲ್ಲಿರುತ್ತೆ" ಎಂದು ಅಜ್ಜಿ ಗೊಣಗಿ ಗೊಣಗಿ, ಕೊನೆಗೆ ಮಿಕ್ಸಿಯನ್ನೇ ಒಪ್ಪಿಕೊಂಡರು. ಲಿಖಿತ ಪರೀಕ್ಷೆ ಮೊದಲ ಸಲ ಕೈಕೊಟ್ಟಿತ್ತು, ಎರಡನೇ ಸಲ ಕೈಹಿಡಿಯಿತು. ಈಗ ತುಮಕೂರಿನಲ್ಲಿ ದೇಹದಾರ್ಢ್ಯ ಪರೀಕ್ಷೆ. ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು. ಊರಿಂದ ಎರಡು ಗಂಟೆಗೂ ಮಿಕ್ಕಿದ ದಾರಿ.

"ಎರಡು ಗಂಟೆ ಕೂತ್ಕೊಂಡು ಹೋದ್ರೆ ಅಲ್ಲೇ ಕುಗ್ಗೋಗ್ತೀಯ" ಎಂದು ಅಜ್ಜಿ ತೀರ್ಮಾನ ಕೊಟ್ಟರು. "ಮಲಗಿಸ್ಕೊಂಡು ಹೋಗೋಣ."

ಅಪ್ಪ ಪರಮೇಶ್ ಬಳಿ ತಿಪಟೂರಿನ ಮಂಡಿಗೆ ಕಾಯಿ, ಕೊಬ್ಬರಿ ಸಾಗಿಸುವ ಸಣ್ಣ ಗೂಡ್ಸ್ ಗಾಡಿಯಿತ್ತು. ಹಿಂದಿನ ಸಂಜೆಯೇ ಅದನ್ನು ತೊಳೆದು, ತೆಂಗಿನ ನಾರಿನ ಹಾಸಿಗೆ ಹಾಕಿ, ಮೇಲೆ ಟಾರ್ಪಾಲು ಕಟ್ಟಿದ. ಬೆಳಿಗ್ಗೆ ಐದಕ್ಕೆ ಜೀವಿತಾ ಹಾಸಿಗೆಯಿಂದ ಎದ್ದು ಹಾಸಿಗೆಗೆ ಹೋದಳು. ನಡುವೆ ನಿಂತದ್ದು ಸ್ನಾನಕ್ಕೆ ಮಾತ್ರ. ಅಜ್ಜಿ ಬುತ್ತಿಗಂಟು ಹಿಡಿದು ಅಪ್ಪನ ಪಕ್ಕದ ಸೀಟಿನಲ್ಲಿ ಕೂತರು. ಗಾಡಿ ಹೊರಟಿತು.

ಕತ್ತಿನಿಂದ ಕಾಲಿನವರೆಗೆ ಕಂಬಳಿ ಹೊದ್ದು, ಎದೆಯ ಮೇಲೆ ಹಾಲ್ ಟಿಕೆಟ್ಟಿನ ಕವರು ಇಟ್ಟುಕೊಂಡು ಮಲಗಿದವಳಿಗೆ ತನ್ನನ್ನು ನೋಡಿ ತನಗೇ ನಗು ಬಂತು. ಆಮೇಲೆ ಹೆದರಿಕೆಯಾಯಿತು. ಇಷ್ಟೆಲ್ಲ ಮಾಡಿಯೂ ಕಡಿಮೆ ಬಂದರೆ? ಓಟದಲ್ಲಿ ಸೋತರೆ ಮುಂದಿನ ವರ್ಷ ಇನ್ನೂ ಜೋರಾಗಿ ಓಡಬಹುದು. ಎತ್ತರದಲ್ಲಿ ಸೋತವಳು ಮುಂದಿನ ವರ್ಷ ಏನು ಮಾಡಬೇಕು?

ಕೆ.ಬಿ. ಕ್ರಾಸ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಂತಿತು. ಅಪ್ಪನ ಸ್ವರ ಕೇಳಿಸಿತು, ಏನೋ ತೊದಲುತ್ತಿದ್ದ. ಪರಮೇಶನಿಗೆ ಖಾಕಿ ಕಂಡರೆ ಮೊದಲಿಂದಲೂ ನಾಲಿಗೆ ತಿರುಗುತ್ತಿರಲಿಲ್ಲ.

"ಹಿಂದೆ ಏನಿದೆ?" ಎಂದು ಯಾರೋ ಕೇಳಿದರು.

"ಏನಿಲ್ಲ ಸಾರ್. ಮಗಳು."

ಅಲ್ಲಿಗೆ ಕೆಲಸ ಕೆಟ್ಟಿತು. ಟಾರ್ಪಾಲು ಸರ್ರನೆ ಸರಿಯಿತು. ಟಾರ್ಚಿನ ಬೆಳಕು ಜೀವಿತಾಳ ಮುಖಕ್ಕೆ ಬಿತ್ತು. ಕಂಬಳಿ ಸುತ್ತಿಕೊಂಡು ಅಲುಗಾಡದೆ ಕಣ್ಣು ಬಿಟ್ಟುಕೊಂಡು ಮಲಗಿದ್ದ ಹುಡುಗಿಯನ್ನು ಕಂಡು ಟಾರ್ಚು ಹಿಡಿದಿದ್ದ ಕಾನ್‌ಸ್ಟೇಬಲ್ ಒಂದು ಹೆಜ್ಜೆ ಹಿಂದೆ ಸರಿದ.

"ಏ, ಯಾರಮ್ಮ ನೀನು? ಏಳು ಮೇಲಕ್ಕೆ!"

"ಏಳೋ ಹಂಗಿಲ್ಲ ಸಾರ್" ಎಂದಳು ಜೀವಿತಾ, ಮಲಗಿಕೊಂಡೇ.

"ಯಾಕೆ? ಯಾರು ಹಂಗೆ ಹೇಳಿದ್ದು?"

"ಅಜ್ಜಿ ಸಾರ್."

ಕಾನ್‌ಸ್ಟೇಬಲನ ಮುಖ ಗಂಟಿಕ್ಕಿತು. ಪರಮೇಶನನ್ನು ಇಳಿಸಿ ದೂರ ನಿಲ್ಲಿಸಿದ. ಅಜ್ಜಿ ಇಳಿಯಲೊಪ್ಪದೆ ಬುತ್ತಿಗಂಟು ತಬ್ಬಿಕೊಂಡು ಕೂತರು. ಆಗ ರಸ್ತೆ ಬದಿಯ ಪೊಲೀಸ್ ಜೀಪಿನ ಬಳಿಯಿಂದ ಒಬ್ಬ ಹೆಂಗಸು ಬಂದರು. ಹೆಡ್ ಕಾನ್‌ಸ್ಟೇಬಲ್, ನಲವತ್ತೈದರ ಆಸುಪಾಸು, ಎದೆಯ ಮೇಲಿನ ಪಟ್ಟಿಯಲ್ಲಿ ಮಂಜಮ್ಮ ಎಂದಿತ್ತು. ಅವರು ಕೂಗಾಡಲಿಲ್ಲ. ಕಾನ್‌ಸ್ಟೇಬಲನನ್ನು ಅತ್ತ ಕಳಿಸಿ, ಪರಮೇಶನಿಗೆ ಮಗಳ ಮುಖ ಕಾಣದ ಹಾಗೆ ಅಡ್ಡ ನಿಂತು, ಗಾಡಿಯೊಳಕ್ಕೆ ಬಗ್ಗಿದರು.

"ಈಗ ಅವರಿಗೆ ನೀನು ಕಾಣಲ್ಲ, ಕೇಳ್ಸೋದೂ ಇಲ್ಲ. ಹೆದರ್ಬೇಡ. ನಿನ್ನನ್ನ ಯಾರಾದ್ರೂ ಬಲವಂತವಾಗಿ ಕರ್ಕೊಂಡೋಗ್ತಾ ಇದಾರಾ? ಹೂಂ ಅಂತ ತಲೆ ಆಡ್ಸು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಜೀವಿತಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡು ವರ್ಷ ಅವಳು ಕಾನೂನಿನ ಕಲಂಗಳು, ರಾಜಧಾನಿಗಳು, ಯಾವ ನದಿ ಎಲ್ಲಿ ಹುಟ್ಟುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದಳು. ಪೊಲೀಸರ ಸ್ವರ ಇಷ್ಟು ಸಣ್ಣದಾಗಿಯೂ ಇರಬಹುದು ಎಂದು ಯಾವ ಗೈಡಿನಲ್ಲೂ ಇರಲಿಲ್ಲ. ನಿಜವಾಗಿಯೂ ತೊಂದರೆಯಲ್ಲಿದ್ದ ಹುಡುಗಿಯೊಬ್ಬಳು ಇಲ್ಲಿ ಮಲಗಿದ್ದರೆ, ಈ ಹೆಂಗಸಿನ ಮುಖ ನೋಡಿಯೇ ಅವಳಿಗೆ ಅರ್ಧ ಜೀವ ಬರುತ್ತಿತ್ತು. ಹಾಗೆ ಅನಿಸಿದ ಕ್ಷಣ ಅವಳಿಗೆ ಈ ಕೆಲಸ ಬೇಕೇ ಬೇಕು ಎನಿಸಿತು, ಮೊದಲಿಗಿಂತ ಹತ್ತು ಪಾಲು ಹೆಚ್ಚಾಗಿ.

"ಇಲ್ಲ ಮೇಡಂ" ಎನ್ನುತ್ತಾ ಹಾಲ್ ಟಿಕೆಟ್ ಮುಂದೆ ಹಿಡಿದಳು. "ಇವತ್ತು ನನ್ನ ಪೊಲೀಸ್ ಫಿಸಿಕಲ್ಲು. ಎದ್ದು ಕೂತ್ರೆ ಹೈಟ್ ಕಮ್ಮಿ ಆಗುತ್ತೆ."

ಮಂಜಮ್ಮ ಹಾಲ್ ಟಿಕೆಟ್ ಓದಿದರು. ಫೋಟೊ ನೋಡಿದರು, ಹುಡುಗಿಯನ್ನು ನೋಡಿದರು. ತುಟಿ ಬಿಗಿಹಿಡಿದರೂ ಹೆಗಲು ಕುಣಿಯತೊಡಗಿತು. ಕೊನೆಗೆ ಗಾಡಿಯ ಅಂಚು ಹಿಡಿದುಕೊಂಡು ನಕ್ಕೇಬಿಟ್ಟರು. ಮುಂದಿನ ಸೀಟಿನಿಂದ ಅಜ್ಜಿ, "ನಗೋದೇನ್ ಬಂತವ್ವ? ನಿಮ್ಮ ಇಲಾಖೆಯೋರೇ ಅಲ್ವ ಅಳತೆ ಇಟ್ಟಿರೋದು!" ಎಂದು ದಬಾಯಿಸಿದರು.

ಮಂಜಮ್ಮ ಕಣ್ಣೊರೆಸಿಕೊಂಡು ಗಂಭೀರರಾದರು. "ನೋಡಮ್ಮ, ಗೂಡ್ಸ್ ಗಾಡಿ ಹಿಂದೆ ಜನ ಸಾಗ್ಸೋ ಹಂಗಿಲ್ಲ. ನಿಂಗೂ ಗೊತ್ತಿರಬೇಕು."

ಗೊತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ದರೆ ಸರಿಯಾದ ಉತ್ತರಕ್ಕೇ ಗುರುತು ಹಾಕುತ್ತಿದ್ದಳು.

"ಮೇಡಂ, ಇದೊಂದ್ಸಲ..." ಎಂದು ಅಪ್ಪ ಕೈಮುಗಿಯುತ್ತಾ ಬಂದ. ಅಷ್ಟರಲ್ಲಿ ಜೀವಿತಾ ಎದ್ದು ಕೂತಿದ್ದಳು. ಕಂಬಳಿ ಮಡಿಸಿಟ್ಟು ಕೆಳಕ್ಕಿಳಿದು ನಿಂತಳು. "ಬುಡಪ್ಪ, ಅವ್ರು ಹೇಳ್ತಿರೋದು ಸರಿಯಾಗೈತೆ."

"ಅಯ್ಯೋ, ನಿಂತ್ಬುಟ್ಲು!" ಎಂದು ಅಜ್ಜಿ ತಲೆ ಚಚ್ಚಿಕೊಂಡರು.

ಮಂಜಮ್ಮನೇ ರಸ್ತೆಗಿಳಿದು ತುಮಕೂರಿನ ಬಸ್ಸಿಗೆ ಕೈ ಅಡ್ಡ ಹಿಡಿದರು. ಅಜ್ಜಿ ಮೊಮ್ಮಗಳಿಬ್ಬರನ್ನೂ ಹತ್ತಿಸಿ, "ಅಳೆಯೋವಾಗ ಉಸಿರು ಗಟ್ಟಿಯಾಗಿ ಹಿಡ್ಕೋಬೇಡ. ಹಿಡ್ಕೊಂಡ್ರೆ ಹೆಗಲು ಏರುತ್ತೆ, ತಲೆ ಏರಲ್ಲ" ಎಂದರು. ಅಪ್ಪ ಖಾಲಿ ಗಾಡಿಯಲ್ಲಿ ಹಿಂಬಾಲಿಸಿದ.

ಬಸ್ಸು ಕಿಕ್ಕಿರಿದಿತ್ತು. ಕೂರುವುದಿರಲಿ, ಕಂಬಿ ಹಿಡಿಯಲೂ ಜಾಗವಿಲ್ಲ. ಆದರೆ ಸರ್ವಮಂಗಳಮ್ಮನವರಿಗೆ ಎಪ್ಪತ್ತೆರಡು ವರ್ಷದಲ್ಲಿ ನಾಚಿಕೆ ಎಂಬುದು ಪೂರ್ತಿ ಖರ್ಚಾಗಿತ್ತು. ಹತ್ತೇ ನಿಮಿಷದಲ್ಲಿ ಅರ್ಧ ಸೆಂಟಿಮೀಟರಿನ ಕಥೆ ಡ್ರೈವರಿನ ತನಕ ಮುಟ್ಟಿತು. ಹಿಂದಿನ ಉದ್ದ ಸೀಟಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದಾಶಿವಯ್ಯ ಎಂಬ ಹಿರಿಯರು ಮೊದಲು ಎದ್ದರು. "ಏಳ್ರಪ್ಪ, ಮಗು ಮಲಗ್ಲಿ. ನಾವೇನು ಇನ್ ಬೆಳೀಬೇಕಾ, ಕುಗ್ಗಬೇಕಾ?"

"ಬೇಡ ತಾತ, ಕೂತ್ಕಳಿ" ಎಂದು ಜೀವಿತಾ ನಾಚಿಕೆಯಿಂದ ಸಾಯುತ್ತಿದ್ದರೆ, ಐದೂ ಜನ ಎದ್ದು ನಿಂತಾಗಿತ್ತು. ಅಜ್ಜಿ ಅವಳನ್ನು ಒತ್ತಿ ಮಲಗಿಸಿದರು. ಕಂಡಕ್ಟರ್ ಬಂದವನು ಟಿಕೆಟ್ ಮೆಷಿನ್ ಹಿಡಿದುಕೊಂಡು ನಿಂತ.

"ಅಜ್ಜಿ, ಹೆಂಗಸ್ರಿಗೆ ಟಿಕೆಟ್ ಫ್ರೀ ಅಂತ ಹೇಳವ್ರೆ. ಫ್ರೀ ಟಿಕೆಟ್ಟಿಗೆ ಐದು ಸೀಟು ಅಂತ ಯಾರೂ ಹೇಳಿಲ್ಲ."

"ನಾಳೆ ನಿನ್ನ ಬಸ್ಸಲ್ಲಿ ಜೇಬು ಕತ್ತರಿಸಿದ್ರೆ ಇವಳೇ ಬರ್ಬೇಕು. ಸುಮ್ನೆ ಟಿಕೆಟ್ ಹರಿ" ಎಂದರು ಅಜ್ಜಿ.

ಬಸ್ಸೆಲ್ಲ ನಕ್ಕಿತು. ಗುಬ್ಬಿ ದಾಟುವವರೆಗೂ ರಸ್ತೆಯ ಒಂದೊಂದು ಹಂಪೂ ಅವಳನ್ನು ಮೇಲೆತ್ತಿ ಹಾಕಿತು. ಪ್ರತಿ ಸಲವೂ ಯಾರಾದರೂ, "ಡ್ರೈವರಣ್ಣ, ನಿಧಾನ! ಮೇಡಂ ಕುಗ್ತಾರೆ!" ಎಂದು ಕೂಗುತ್ತಿದ್ದರು. ಜೀವಿತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗು ಅಜ್ಜಿಯದು.

ಮೈದಾನದಲ್ಲಿ ಒಬ್ಬಳೇ ಒಳಗೆ ಹೋಗಬೇಕು. ಅಲ್ಲಿ ಮಲಗಿಸುವವರಿರಲಿಲ್ಲ. ಸಾಲಿನಲ್ಲಿ ಒಂದೂವರೆ ಗಂಟೆ ನಿಂತಳು. ಬಿಸಿಲೇರಿತು. ಅವಳ ಮುಂದಿನ ಹುಡುಗಿ ಅಳತೆಯ ಹಲಗೆಗೆ ಬೆನ್ನು ಕೊಟ್ಟು ನಿಂತು, ಒಂದು ನಿಮಿಷದಲ್ಲಿ ತಲೆ ತಗ್ಗಿಸಿಕೊಂಡು ಹೊರಟುಹೋದಳು. ಜೀವಿತಾ ಹೋಗಿ ಹಲಗೆಗೆ ಬೆನ್ನು ಕೊಟ್ಟಳು.

"ಹಿಮ್ಮಡಿ ಒತ್ತಿ ನಿಲ್ಲಮ್ಮ. ಮುಂದೆ ನೋಡು."

ಅವಳು ಉಸಿರು ಬಿಟ್ಟಳು. ತಣ್ಣನೆಯ ಪಟ್ಟಿ ನೆತ್ತಿಗೆ ಬಂದು ತಾಗಿತು. ಬರೆದುಕೊಳ್ಳುವವನು ಆಕಳಿಸಿದ. ಅಳೆಯುವವರು ಬಗ್ಗಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ, ಕೊನೆಗೆ ಹೇಳಿದರು. "ನೂರ ಐವತ್ತೇಳು, ಸರಿಯಾಗಿ. ಮುಂದೆ ಹೋಗು."

ಒಂದು ಕೂದಲೆಳೆಯೂ ಹೆಚ್ಚಿರಲಿಲ್ಲ. ಅವಳಿಗೆ ಬೇಕಾದದ್ದೂ ಅಷ್ಟೇ.

ಗುಂಡು ಮೊದಲ ಎಸೆತಕ್ಕೇ ಗೆರೆ ದಾಟಿತು. ಉದ್ದಜಿಗಿತದಲ್ಲಿ ಎರಡು ಸಲ ಜಿಗಿಯುವ ಗೆರೆ ತುಳಿದು ಫೌಲಾಗಿ, ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಹಾರಿ ಗೆದ್ದಳು. ನಾನೂರು ಮೀಟರಿಗೆ ಎರಡು ನಿಮಿಷ ಕೊಟ್ಟಿದ್ದರು. ಅವಳು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಸಿ, ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದುಕೊಂಡಳು. ಈ ಸಲ ಯಾರ ಬಲವಂತವೂ ಇರಲಿಲ್ಲ.

ಗೇಟಿನ ಹೊರಗೆ ಅಪ್ಪ ಬೆಳಿಗ್ಗೆಯಿಂದ ನೀರೂ ಕುಡಿಯದೆ ನಿಂತಿದ್ದ. ಅವಳು ಹೆಬ್ಬೆರಳೆತ್ತಿ ತೋರಿಸಿದಾಗ ಗೇಟಿನ ಕಾವಲಿಗಿದ್ದ ಪೊಲೀಸಿನವನ ಕೈಯನ್ನೇ ಹಿಡಿದು ಕುಲುಕಿಬಿಟ್ಟ. ಜನ್ಮದಲ್ಲಿ ಮೊದಲ ಸಲ ಪೊಲೀಸಿನವರನ್ನು ತಾನಾಗಿ ಮುಟ್ಟಿದ್ದ.

ಅಜ್ಜಿ ಬುತ್ತಿಗಂಟು ಬಿಚ್ಚುತ್ತಾ ಕೇಳಿದರು. "ಓಟದಲ್ಲಿ ನಿನ್ನ ಹಿಂದೆ ಎಷ್ಟು ಜನ ಇದ್ರು?"

"ಆರು ಜನ ಅಜ್ಜಿ."

"ಮುಂದೆ?"

"ಹದಿಮೂರು."

ಅಜ್ಜಿ ರೊಟ್ಟಿಗೆ ಚಟ್ನಿ ಸವರಿ ಅವಳ ಕೈಗಿಟ್ಟರು. "ತಿನ್ನು. ಕಳ್ಳರು ಆ ಆರು ಜನದ ಥರ ಓಡ್ಲಿ ಅಂತ ಬೇಡ್ಕೋತೀನಿ."